ಯಾರೋ ಬಂದ್ರು ನೋಡು

ಕಬ್ಬಿಣದ ಗೇಟು ನಮ್ಮ ಕಡೆಯ ಹಳ್ಳಿಮನೆಗಳಿಗೆ ಬಂದು ತುಂಬಾ ವರ್ಷ ಆಗಿಲ್ಲ. ಮುಂಚೆ ಇದ್ದಿದ್ದು ದಣಪೆ. ಎರಡು ಮರದ ಕಂಬ, ಕಂಬದಲ್ಲಿ ಕೊರೆದ ತೂತು, ಅದರಲ್ಲಿ ಅಡ್ಡಡ್ಡ ಜಾರುವ ನಾಲ್ಕೈದು ಬಿದಿರ ಗಳ. ಒಳಗೆ ಬರೋರು ಗಳ ಸರಿಸಲೇಬೇಕು, ಸರಿಸಿದರೆ ಸದ್ದಾಗಲೇಬೇಕು. ಸದ್ದಿಗೆ ನಾಯಿ ಬೊಗಳುತ್ತೆ, ನಾಯಿಗೆ ಮನೆಯೊಳಗಿನಿಂದ ಯಾರಾದರೊಬ್ಬರು ಇಣುಕುತ್ತಾರೆ. ದನ ತಡೆಯೋಕೆ ಅಂತ ಮಾಡಿದ್ದು, ಬಿಟ್ಟಿಯಾಗಿ ಕಾಲಿಂಗ್ ಬೆಲ್ಲಿನ ಕೆಲಸವನ್ನೂ ಮಾಡ್ತಿತ್ತು.

ಹೋದ ಅಡಿಕೆ ಸುಗ್ಗಿಗೆ ಮುಂಚೆ ಇದೇ ಕೆಲಸಕ್ಕೆ ನಾನೊಂದು ವೈರ್‌ಲೆಸ್ ಅಲಾರಂ ತಂದೆ. ಶಿವಮೊಗ್ಗ–ಭದ್ರಾವತಿ ನಡುವಿನ ನಮ್ಮನೇಲಿ ಈಗ ಇರೋದು ಅಪ್ಪ, ಅಮ್ಮ ಇಬ್ಬರೇ. ರಸ್ತೆಯಿಂದ ಅಂಗಳಕ್ಕೆ ನೂರು ಹೆಜ್ಜೆಯ ದಾರಿ, ಎರಡೂ ಕಡೆ ತೋಟ. ಅಂಗಳದಲ್ಲಿ ಒಣಗೋ ಅಡಿಕೆಗೆ ಶಿವಮೊಗ್ಗದ ಮಂಡಿಯಲ್ಲಿ ಇವತ್ತೇನು ರೇಟು ಅನ್ನೋದು ನಮಗಿಂತ ಮೊದಲು ಕಳ್ಳರಿಗೆ ಗೊತ್ತಿರುತ್ತೆ. ದಾರಿಯ ಬದಿಗೊಂದು ಸೆನ್ಸರ್, ಮನೆಯೊಳಗೊಂದು ರಿಸೀವರ್. ಯಾರು ದಾಟಿದರೂ ಒಳಗೆ ಟಿಂಗ್ ಟಾಂಗ್. ಅಪ್ಪ ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಕೂಗ್ತದೆ, ಸರಿ. ಎದ್ದು ಹೋಗೋದು ಯಾರು ಮಾರಾಯ?"

ಕಾವಲಿನ ಚರಿತ್ರೆಯೆಲ್ಲ ಈ ಪ್ರಶ್ನೆಯೊಳಗೇ ಇದೆ ಅಂತ ನನಗನ್ನಿಸೋದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಅಂತಿದ್ದರು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ನೀರಗಂಟಿ ಇತ್ಯಾದಿ. ಅವರಲ್ಲಿ ತಳವಾರ, ತೋಟಿ ಇಬ್ಬರೂ ಕಾವಲಿನವರು. ಊರಿಗೆ ಹೊಸಬರು ಬಂದರೆ ತಿಳಿಸೋದು, ರಾತ್ರಿ ಗಸ್ತು, ಕಣದಲ್ಲಿನ ರಾಶಿ ಕಾಯೋದು, ಕಳ್ಳನ ಹೆಜ್ಜೆ ಹಿಡಿದು ಹೋಗೋದು ಅವರ ಪಾಲಿನ ಕೆಲಸ. ಸಂಬಳ ಅಂದರೆ ಸುಗ್ಗಿಯಲ್ಲಿ ಕೊಡುವ ಕಾಳಿನ ಪಾಲು, ಇಲ್ಲವೇ ಒಂದು ತುಂಡು ಇನಾಂ ಜಮೀನು. ಬಹಳಷ್ಟು ಕಡೆ ತೋಟಿ ಬರ್ತಿದ್ದಿದ್ದು ದಲಿತ ಕೇರಿಯಿಂದ. ಇಡೀ ಊರನ್ನು ಕಾಯುವವನು ಯಾವ ಮನೆಯ ಜಗಲಿಯನ್ನೂ ಹತ್ತುವಂತಿರಲಿಲ್ಲ. "ಹಿಂದೆಲ್ಲ ಬಾಗಿಲು ತೆಗೆದೇ ಮಲಗ್ತಿದ್ವಿ" ಅಂತ ಹಿರಿಯರು ಹೇಳುವಾಗ ನನಗೆ ನೆನಪಾಗೋದು ಆ ರಾತ್ರಿ ಮಲಗದೇ ಇದ್ದವನು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಒಳ್ಳೆಯದೇ ಆಯ್ತು. ಆದರೆ ಎಚ್ಚರ ಇರುವ ಕೆಲಸ ರದ್ದಾಗಲಿಲ್ಲ, ಅದು ಬೇರೆಯವರ ಹೆಗಲಿಗೆ ಹೋಯ್ತು. ವಿನೋಬನಗರದಲ್ಲೋ ನ್ಯೂಟೌನಿನಲ್ಲೋ ಬೆಳೆದವರಿಗೆ ನಡುರಾತ್ರಿ ಕೋಲು ಕುಟ್ಟಿ ಸೀಟಿ ಊದುತ್ತಾ ಹೋಗುವ ಗೂರ್ಖಾ ಗೊತ್ತಿರಬೇಕು. ತಿಂಗಳ ಮೊದಲ ವಾರ ಬಂದು ಸಲಾಂ ಹೊಡೆದಾಗಷ್ಟೇ ಅವನ ಮುಖ ನೋಡ್ತಿದ್ದಿದ್ದು.

ಭದ್ರಾವತಿಯದು ಬೇರೆಯೇ ಕಥೆ. ಬೆಂಕಿಪುರ ಅಂತಿದ್ದ ಊರಲ್ಲಿ 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ನಮ್ಮ ಕಾಡುಗಳದು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಇವುಗಳ ಜೊತೆ ಬಂದಿದ್ದು ಸೈರನ್. ಗಾಳಿ ಈ ಕಡೆ ಬೀಸಿದರೆ ನಮ್ಮೂರಿಗೂ ಕೇಳ್ತಿತ್ತು. ಗಡಿಯಾರ ಇಲ್ಲದ ಮನೆಯಲ್ಲೂ "ಸೈರನ್ ಆಯ್ತು" ಅಂದರೆ ಅದೇ ಟೈಮು. ಆ ಸದ್ದು ಯಾವ ಕಳ್ಳನನ್ನೂ ಹಿಡಿಯೋಕೆ ಮಾಡಿದ್ದಲ್ಲ. ಆದರೆ ಮೂರು ಪಾಳಿಯ ಊರಿನಲ್ಲಿ ಯಾವ ಹೊತ್ತಿಗೂ ಯಾರಾದರೂ ಸೈಕಲ್ ತುಳಿಯುತ್ತಾ ಮನೆಗೆ ಬರ್ತಿರ್ತಾರೆ, ಯಾರಿಗೋ ಬುತ್ತಿ ಕಟ್ಟೋಕೆ ಅಡುಗೆಮನೆಯಲ್ಲಿ ಲೈಟ್ ಉರೀತಿರುತ್ತೆ. ಅದಕ್ಕಿಂತ ಒಳ್ಳೇ ಕಾವಲು ಯಾವ ಕಂಪನಿಯೂ ಮಾರಲ್ಲ. ಕಾಗದದ ಕಾರ್ಖಾನೆ 2015ರ ಸುಮಾರಿಗೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಆಮೇಲೆ ಒಂದಿಷ್ಟು ಕೆಲಸ ಮತ್ತೆ ಶುರುವಾಯ್ತು. ಆದರೂ ಆ ರಸ್ತೆಗಳ ರಾತ್ರಿ ಈಗ ಮೊದಲಿನಂತಿಲ್ಲ.

ಇನ್ನು ಯಂತ್ರದ ಕಡೆಯ ಚರಿತ್ರೆ. ಬಾಗಿಲು ತೆಗೆದರೆ ಗಂಟೆ ಬಡಿಯುವ ವಿದ್ಯುತ್ ಅಲಾರಮ್ಮಿಗೆ ಅಮೆರಿಕದ ಆಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ. ಅದನ್ನು ಕೊಂಡು ವ್ಯಾಪಾರ ಮಾಡಿದವನು ಎಡ್ವಿನ್ ಹೋಮ್ಸ್. ಮನೆಯೊಳಗೇ ಗಂಟೆ ಹೊಡೆದರೆ ಸಾಲದು ಅಂತ ಅವನ ಕಂಪನಿ ತಂತಿಗಳನ್ನು ಒಂದು ಕಚೇರಿಗೆ ಎಳೆಯಿತು. ಅಲ್ಲಿ ಕೂತವನು ಆಳು ಕಳಿಸ್ತಿದ್ದ. ಅಪ್ಪನ ಪ್ರಶ್ನೆಗೆ ಉತ್ತರ ಅಲ್ಲಿತ್ತು! 1877ರಲ್ಲಿ ಬಾಸ್ಟನ್ನಿನಲ್ಲಿ ಅವನ ಮಗ ಅದೇ ತಂತಿಗಳಿಗೆ ಟೆಲಿಫೋನ್ ಜೋಡಿಸಿದ. ಹಗಲು ಮಾತು, ರಾತ್ರಿ ಕಾವಲು. ತಂತಿಯೇ ಇಲ್ಲದೆ ಗಂಟೆ ಬಾರಿಸಿ ತೋರಿಸಿದ್ದು ನಮ್ಮ ಜಗದೀಶ್ ಚಂದ್ರ ಬೋಸ್, 1895ರಲ್ಲಿ, ಕಲ್ಕತ್ತದ ಟೌನ್ ಹಾಲಿನಲ್ಲಿ, ಗೋಡೆಗಳ ಆಚೆಯಿಂದ.

ನಾನು ತಂದ ಸೆನ್ಸರಿನ ಮುಂದಿರೋ ಬಿಳಿ ಪ್ಲಾಸ್ಟಿಕ್ ಮುಚ್ಚಳ ಫ್ರೆನೆಲ್ ಲೆನ್ಸ್. 1820ರ ದಶಕದಲ್ಲಿ ಲೈಟ್‌ಹೌಸಿನ ಬೆಳಕನ್ನು ದೂರ ಕಳಿಸೋಕೆ ಹುಟ್ಟಿದ ಉಪಾಯ, ಇಲ್ಲಿ ಉಲ್ಟಾ ಕೆಲಸ ಮಾಡುತ್ತೆ: ದಾರಿಹೋಕನ ಮೈಯ ಶಾಖವನ್ನು ಒಳಗೆ ತರುತ್ತೆ. ಒಳಗಿನ ಎರಡು ತುಣುಕುಗಳ ಮೇಲೆ ಆ ಶಾಖ ಒಂದರಿಂದ ಇನ್ನೊಂದಕ್ಕೆ ಸರಿದರೆ ಮಾತ್ರ ಸಿಗ್ನಲ್. ಹಾಗಾಗಿ ಎದುರಿಂದ ನೇರ ಬರುವವನಿಗಿಂತ ಅಡ್ಡ ದಾಟುವವನು ಬೇಗ ಸಿಗ್ತಾನೆ. ಅದಕ್ಕೇ ಸೆನ್ಸರನ್ನು ರಸ್ತೆಗೆ ಮುಖ ಮಾಡದೆ ದಾರಿಗೆ ಅಡ್ಡಲಾಗಿ, ಹಳೇ ದಣಪೆಯ ಕಂಬಕ್ಕೇ ಹೊಡೆದೆ. ಏಪ್ರಿಲ್ ಮಧ್ಯಾಹ್ನ ಸುತ್ತಲ ಬಿಸಿಯೂ ಮೈಬಿಸಿಯೂ ಒಂದೇ ಆದಾಗ ಅದಕ್ಕೆ ಅರೆಗುರುಡು. ಮಳೆಗಾಲದಲ್ಲಿ ಒದ್ದೆ ತೋಟ, ಜೊತೆಗೆ ಜಂಬಿಟ್ಟಿಗೆ ಗೋಡೆ ರೇಡಿಯೋ ಅಲೆಯನ್ನು ಕುಡಿದುಬಿಡುತ್ತವೆ; ಡಬ್ಬಿಯ ಮೇಲೆ ಬರೆದ ದೂರವನ್ನು ಅರ್ಧ ಅಂತಲೇ ಲೆಕ್ಕ ಹಿಡೀರಿ. ರಿಸೀವರನ್ನು ಕಿಟಕಿಯ ಹತ್ತಿರ ಇಟ್ಟಿದೀನಿ.

ಎದ್ದು ಹೋಗೋದು ಯಾರು ಅನ್ನೋದಕ್ಕೆ ಹೋಮ್ಸ್ ಕಚೇರಿ ನಮ್ಮಲ್ಲಿಲ್ಲ. ಪಕ್ಕದ ತೋಟದ ಅಣ್ಣ ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡ್ತಾರೆ. ಅವರನ್ನೇ ಕೇಳಿ, ಅದೇ ಸೆನ್ಸರಿಗೆ ಸೇರಿಸಿದ ಇನ್ನೊಂದು ರಿಸೀವರನ್ನು ಅವರ ಮನೇಲಿಟ್ಟೆ. ಅವರು ರಾತ್ರಿ ಪಾಳಿಗೆ ಹೋದ ದಿನ ಅವರ ಮನೆಯಲ್ಲೂ ಹೆಂಗಸರು, ಮಕ್ಕಳೇ ಇರೋದಲ್ವಾ? ಅವರ ದಾರಿಗೂ ಒಂದು ಸೆನ್ಸರ್ ಹಾಕಿ, ಅದರ ಸದ್ದು ನಮ್ಮನೆಗೆ ಬರೋ ಹಾಗೆ ಮಾಡಿದ್ವಿ. ಎರಡಕ್ಕೂ ಬೇರೆ ಬೇರೆ ಟ್ಯೂನ್. ಅವರದ್ದು ಬಡಿದರೆ ಅಮ್ಮ ಟೀವಿ ಸೌಂಡ್ ತಗ್ಗಿಸ್ತಾರೆ, ಅಪ್ಪ ಟಾರ್ಚ್ ಹಿಡಿದು ಜಗಲಿಗೆ ಹೋಗ್ತಾರೆ. ಹೆಚ್ಚಿನ ಸಲ ಅವರದ್ದೇ ಎಮ್ಮೆ.