ತವರನ್ನು ಬಚ್ಚಿಟ್ಟ ತಾರೆ

1936ರ ಮಾರ್ಚ್‌ನಲ್ಲಿ ಹಾಲಿವುಡ್‌ನ ಆಸ್ಕರ್ ಪ್ರಶಸ್ತಿ ಸಮಾರಂಭ ನಡೆದಾಗ ಶ್ರೇಷ್ಠ ನಟಿಯ ಸ್ಪರ್ಧೆಯಲ್ಲಿದ್ದವರ ಪೈಕಿ ಮೆರ್ಲ್ ಓಬೆರಾನ್ ಕೂಡ ಒಬ್ಬಳು. ಇಂಗ್ಲಿಷ್ ಚಿತ್ರರಂಗದಿಂದ ಮೂರೇ ವರ್ಷಗಳಲ್ಲಿ ಮೇಲೇರಿ ಬಂದಿದ್ದ ಆಕೆಗೆ ಆಗ 25 ವರ್ಷ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಆಕೆಯ ಹುಟ್ಟೂರು, ಸೇನಾಧಿಕಾರಿಯಾಗಿದ್ದ ತಂದೆ ಬೇಟೆಯಲ್ಲಿ ಮಡಿದ, ಅನಂತರ ಆಕೆ ಭಾರತದಲ್ಲಿದ್ದ ಸಿರಿವಂತ ಆಪ್ತರ ಆಶ್ರಯದಲ್ಲಿ ಬೆಳೆದಳು ಎಂದು ಪತ್ರಿಕೆಗಳು ಬರೆದವು. ಜನನದ ದಾಖಲೆ ಎಲ್ಲಿ ಎಂದು ಕೇಳಿದವರಿಗೆ, ಬೆಂಕಿಯಲ್ಲಿ ಸುಟ್ಟುಹೋಯಿತೆಂಬ ಉತ್ತರ ಸಿದ್ಧವಿತ್ತು.

ದಾಖಲೆ ಸುಟ್ಟಿರಲಿಲ್ಲ. ಅದು ಮುಂಬಯಿಯ ಸರ್ಕಾರಿ ಕಡತದಲ್ಲಿ ಭದ್ರವಾಗಿತ್ತು. ಆಕೆ ಹುಟ್ಟಿದ್ದು 1911ರ ಫೆಬ್ರುವರಿ 19ರಂದು, ಅದೇ ಮುಂಬಯಿಯಲ್ಲಿ. ಟಾಸ್ಮೇನಿಯಾದ ಕಥೆಯನ್ನು ಆಕೆ ದಶಕಗಳ ಕಾಲ ಬಿಟ್ಟುಕೊಡಲಿಲ್ಲ. ಒಬ್ಬ ನಟಿಯ ಸುಳ್ಳು ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಆ ಸುಳ್ಳಿಲ್ಲದೆ ಆಕೆ ತಾರೆಯಾಗುವುದು ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನು ಕೇಳಿದಾಗ, ಅಂದಿನ ಚಿತ್ರೋದ್ಯಮ ಮತ್ತು ಕಾನೂನು ಎರಡೂ ಸಾಕ್ಷಿಕಟ್ಟೆಗೆ ಬರಬೇಕಾಗುತ್ತದೆ.

ಕಲ್ಕತ್ತದ ಕ್ವೀನಿ

ಹುಟ್ಟಿದಾಗ ಇಟ್ಟ ಹೆಸರು ಎಸ್ಟೆಲ್ ಮೆರ್ಲ್ ಓ'ಬ್ರಿಯನ್ ಥಾಂಪ್ಸನ್. ತಂದೆ ಆರ್ಥರ್ ಥಾಂಪ್ಸನ್ ಇಂಗ್ಲೆಂಡಿನ ಡಾರ್ಲಿಂಗ್ಟನ್‌ನಿಂದ ಬಂದು ಭಾರತದ ರೈಲ್ವೆಯಲ್ಲಿ ಕೆಲಸಕ್ಕಿದ್ದ ಎಂಜಿನಿಯರು. ಮೊದಲ ಮಹಾಯುದ್ಧ ಶುರುವಾದಾಗ ಸೇನೆ ಸೇರಿದ ಆತ ಯುದ್ಧಕಾಲದಲ್ಲೇ ತೀರಿಕೊಂಡ. ಮಗುವನ್ನು ಸಾಕಿದವಳು ಸಿಂಹಳದಲ್ಲಿ ಹುಟ್ಟಿದ ಷಾರ್ಲೆಟ್ ಸೆಲ್ಬಿ. ಮಿಶ್ರ ಸಂತತಿಯ, ಕಪ್ಪು ಮೈಬಣ್ಣದ ಹೆಂಗಸು. ಮೆರ್ಲ್ ಆಕೆಯನ್ನೇ ತಾಯಿಯೆಂದು ತಿಳಿದು ಬೆಳೆದಳು.

1917ರಲ್ಲಿ ತಾಯಿ ಮಗಳು ಕಲ್ಕತ್ತಕ್ಕೆ ಬಂದರು. ಲಾ ಮಾರ್ಟಿನಿಯರ್ ಹೆಣ್ಣುಮಕ್ಕಳ ಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಸೀಟು ಸಿಕ್ಕಿತು. ಆದರೆ ಸಹಪಾಠಿಗಳ ಮೂದಲಿಕೆ ತಾಳಲಾರದೆ ಹುಡುಗಿ ಶಾಲೆ ಬಿಟ್ಟಳು. ಆಂಗ್ಲೋ ಇಂಡಿಯನ್ನರ ಸ್ಥಿತಿ ಅಂದು ಎರಡು ದೋಣಿಗಳಲ್ಲಿ ಕಾಲಿಟ್ಟವರಂತಿತ್ತು. ರೈಲ್ವೆ, ಅಂಚೆ ತಂತಿ, ಕಸ್ಟಮ್ಸ್ ಇಲಾಖೆಗಳಲ್ಲಿ ಅವರಿಗೆ ಕೆಲಸ ಸಿಗುತ್ತಿತ್ತು. ಬಿಳಿಯರ ಕ್ಲಬ್ಬುಗಳ ಬಾಗಿಲು ತೆರೆಯುತ್ತಿರಲಿಲ್ಲ. ಭಾರತೀಯರ ಕಣ್ಣಿಗೂ ಅವರು ಹೊರಗಿನವರೇ. ಮೈಬಣ್ಣ ತುಸು ತಿಳಿಯಾಗಿದ್ದವರು ಊರು ಬಿಟ್ಟು, ಹೆಸರು ಬದಲಿಸಿ, ಬಿಳಿಯರೊಳಗೆ ಬೆರೆತುಹೋಗಲು ನೋಡುತ್ತಿದ್ದುದು ಆ ಸಮುದಾಯದಲ್ಲಿ ಹೊಸತೇನಾಗಿರಲಿಲ್ಲ.

'ಕ್ವೀನಿ' ಎಂಬ ಮನೆಯ ಹೆಸರಿನ ಈ ಹುಡುಗಿ ಕಲ್ಕತ್ತದಲ್ಲಿ ಟೆಲಿಫೋನ್ ಆಪರೇಟರ್ ಆದಳು. ಬಿಡುವಿನಲ್ಲಿ ಹವ್ಯಾಸಿ ನಾಟಕಗಳಲ್ಲಿ ಕಾಣಿಸಿಕೊಂಡಳು. ಚೌರಂಗಿಯ ಫರ್ಪೋ ರೆಸ್ಟೊರಾಂಟಿನಲ್ಲಿ ಆಕೆಗೆ ಬೆನ್ ಫಿನ್ನಿ ಎಂಬ, ಹಿಂದೆ ನಟನಾಗಿದ್ದ ಅಮೆರಿಕನ್ನನ ಪರಿಚಯವಾಯಿತು. ಒಂದು ಸಂಜೆ ಮನೆಗೆ ಬಿಡಲು ಬಂದ ಆತ ಬಾಗಿಲಲ್ಲಿ ಷಾರ್ಲೆಟ್‌ಳನ್ನು ಕಂಡ. ಸಂಬಂಧ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ ಆಕೆಯ ಜೀವನಚರಿತ್ರೆಕಾರರು. ಆದರೂ ಆತ ಒಂದು ಉಪಕಾರ ಮಾಡಿದ. ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಚಿತ್ರ ತೆಗೆಯುತ್ತಿದ್ದ ನಿರ್ದೇಶಕ ರೆಕ್ಸ್ ಇಂಗ್ರಾಮ್‌ಗೆ ಆಕೆಯ ವಿಷಯ ತಿಳಿಸಿದ. ತಾಯಿ ಮಗಳು ಹಡಗು ಹತ್ತಿದರು. 1920ರ ದಶಕ ಮುಗಿಯುವ ಹೊತ್ತಿಗೆ ಕ್ವೀನಿ ಲಂಡನ್ನಿನಲ್ಲಿದ್ದಳು.

ಟಾಸ್ಮೇನಿಯಾ ಹುಟ್ಟಿದ ಬಗೆ

ಲಂಡನ್ನಿನಲ್ಲಿ ಹಗಲು ಸ್ಟುಡಿಯೋಗಳಲ್ಲಿ ಗುಂಪಿನ ದೃಶ್ಯಗಳ ಎಕ್ಸ್‌ಟ್ರಾ ಪಾತ್ರ. ರಾತ್ರಿ ಕೆಫೆ ದ ಪ್ಯಾರಿಸ್ ಕ್ಲಬ್ಬಿನಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಕೆಲಸ. ಹೀಗೆ ಕೆಲವು ವರ್ಷ ಕಳೆದವು. ಅಷ್ಟರಲ್ಲಿ ಅಲೆಗ್ಸಾಂಡರ್ ಕಾರ್ಡಾನ ಕಣ್ಣು ಆಕೆಯ ಮೇಲೆ ಬಿತ್ತು. ಕಾರ್ಡಾ ಹಂಗೇರಿಯ ಯೆಹೂದಿ. ಹುಟ್ಟುಹೆಸರು ಸಾಂಡೋರ್ ಕೆಲ್ನರ್. ತಾನೇ ಹೆಸರು ಬದಲಿಸಿಕೊಂಡು ಬ್ರಿಟಿಷ್ ಚಿತ್ರೋದ್ಯಮವನ್ನು ಕಟ್ಟಲು ಹೊರಟಿದ್ದ ಸಾಹಸಿ. ಓ'ಬ್ರಿಯನ್ ಎಂಬ ಹೆಸರು ತಿದ್ದುಪಡಿಗೊಂಡು ಓಬೆರಾನ್ ಆಯಿತು.

1933ರಲ್ಲಿ ತೆರೆಕಂಡ ಕಾರ್ಡಾನ 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ಟ್' ಚಿತ್ರದಲ್ಲಿ ಆಕೆಯದು ಅರಸಿ ಆನ್ ಬೊಲಿನ್‌ಳ ಪಾತ್ರ. ಶಿರಚ್ಛೇದಕ್ಕೆ ಸಿದ್ಧಳಾಗುವ ಅರಸಿ ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳೇ ಸಾಕಾದವು. ಮರುವರ್ಷ ಲೆಸ್ಲಿ ಹೋವರ್ಡ್ ಜತೆಗೆ 'ದಿ ಸ್ಕಾರ್ಲೆಟ್ ಪಿಂಪರ್ನೆಲ್' ಬಂತು. ಹಾಲಿವುಡ್‌ನಿಂದ ಕರೆಯೂ ಬಂತು.

ಕಥೆ ಬಿಗಿಯಾಗಬೇಕಾಗಿದ್ದು ಇಲ್ಲಿಯೇ. ಅಮೆರಿಕ 1917ರ ಕಾಯಿದೆಯಿಂದ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರ ವಲಸೆಯನ್ನು ನಿಷೇಧಿಸಿತ್ತು. ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬಾತನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಈ ಅಡ್ಡಿ ಸಡಿಲಗೊಂಡದ್ದು 1946ರಲ್ಲಿ. ಇತ್ತ, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹಾಲಿವುಡ್‌ನ ನೀತಿಸಂಹಿತೆ ಬಿಳಿಯರು ಮತ್ತು ಕರಿಯರ ನಡುವಿನ ಪ್ರಣಯವನ್ನು ತೆರೆಯಿಂದ ಹೊರಗಿಟ್ಟಿತ್ತು. ವ್ಯವಹಾರದಲ್ಲಿ ಏಷ್ಯಾದವರಿಗೂ ಅದರ ಬಿಸಿ ತಟ್ಟುತ್ತಿತ್ತು. ಚೀನೀ ಮೂಲದ ಅಮೆರಿಕನ್ ನಟಿ ಆನಾ ಮೇ ವಾಂಗ್‌ಗೆ 1937ರ 'ದಿ ಗುಡ್ ಅರ್ತ್' ಚಿತ್ರದ ಚೀನೀ ನಾಯಕಿಯ ಪಾತ್ರವೇ ದಕ್ಕಲಿಲ್ಲ. ನಾಯಕನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮ್ಯುನಿ ಇದ್ದ. ಜೋಡಿಯಾಗಿ ಬಿಳಿಯ ನಟಿ ಲೂಯಿಸ್ ರೈನರ್ ಬಂದಳು, ಆಸ್ಕರನ್ನೂ ಗೆದ್ದಳು.

ಮೆರ್ಲ್ ತನ್ನ ಮೂಲವನ್ನು ಹೇಳಿಕೊಂಡಿದ್ದರೆ ಅಂಥ ಪಾತ್ರಗಳಾಚೆಗೆ ಹೋಗುವ ದಾರಿಯೇ ಇರಲಿಲ್ಲ. ಮೊದಮೊದಲು ಸ್ಟುಡಿಯೋಗಳು ಆಕೆಯನ್ನು ವಿಲಕ್ಷಣ ಚೆಲುವೆಯಾಗಿಯೇ ತೋರಿಸಿದವು. 1934ರ 'ದಿ ಬ್ಯಾಟಲ್' ಚಿತ್ರದಲ್ಲಿ ಆಕೆ ಜಪಾನಿ ಕುಲೀನ ಮಹಿಳೆ! ನಿರ್ಮಾಪಕ ಸ್ಯಾಮ್ಯುಯಲ್ ಗೋಲ್ಡ್‌ವಿನ್ ಈ ವೇಷವನ್ನು ಕಳಚಿಸಿ 1935ರ 'ದಿ ಡಾರ್ಕ್ ಏಂಜಲ್' ಚಿತ್ರದಲ್ಲಿ ಅಪ್ಪಟ ಇಂಗ್ಲಿಷ್ ಹುಡುಗಿಯ ಪಾತ್ರ ಕೊಟ್ಟ. ಆಸ್ಕರ್ ನಾಮಕರಣ ತಂದುಕೊಟ್ಟದ್ದು ಅದೇ ಪಾತ್ರ. ಪ್ರಶಸ್ತಿ ಬೆಟ್ಟಿ ಡೇವಿಸ್ ಪಾಲಾಯಿತು.

ಟಾಸ್ಮೇನಿಯಾವನ್ನೇ ಆರಿಸಿಕೊಂಡದ್ದರಲ್ಲೂ ಜಾಣತನವಿತ್ತು. ಅದು ಬ್ರಿಟಿಷ್ ಸಾಮ್ರಾಜ್ಯದೊಳಗಿನ ಬಿಳಿಯರ ನಾಡು. ಲಂಡನ್ನಿಗೂ ಹಾಲಿವುಡ್‌ಗೂ ಎಷ್ಟು ದೂರವೆಂದರೆ ಯಾರೂ ಹೋಗಿ ವಿಚಾರಿಸುವಂತಿರಲಿಲ್ಲ.

ಕಾರ್ಡಾ ಕಂಪನಿಯ ಇನ್ನೊಬ್ಬ ಭಾರತೀಯ

ಇದೇ ವರ್ಷಗಳಲ್ಲಿ ಕಾರ್ಡಾನ ಕಂಪನಿ ಮೈಸೂರು ಸಂಸ್ಥಾನಕ್ಕೂ ಬಂದಿತ್ತು. ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿದ 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ರಾಬರ್ಟ್ ಫ್ಲಹರ್ಟಿ ಇಲ್ಲಿ ಚಿತ್ರೀಕರಣ ನಡೆಸಿದ. ಕಾರಾಪುರದ ಮಾವುತನ ಮಗ ಸಾಬು ನಾಯಕನಾಗಿ ಆಯ್ಕೆಯಾದ. 1937ರಲ್ಲಿ ಚಿತ್ರ ಬಿಡುಗಡೆಯಾದಾಗ ಸಾಬು ಇಂಗ್ಲೆಂಡಿನಲ್ಲಿ ಮನೆಮಾತಾದ.

ಒಂದೇ ಕಂಪನಿ, ಭಾರತದಲ್ಲಿ ಹುಟ್ಟಿದ ಇಬ್ಬರು. ಸಾಬುವಿನ ಹುಟ್ಟೂರೇ ಅವನ ಜಾಹೀರಾತು. ಆನೆ, ಕಾಡು, ಮುಂಡಾಸು ಇವೇ ಅವನ ಬಂಡವಾಳ. ಮೆರ್ಲ್‌ಳ ಹುಟ್ಟೂರಾದರೋ ಹೊರಬಿದ್ದರೆ ಬದುಕೇ ಮುಗಿದಂತೆ. ಸಾಬು ಮುಂದೆ ಹಾಲಿವುಡ್‌ಗೂ ಹೋದ. ಆದರೆ ಕಾಡಿನ ಹುಡುಗ, ಚತುರ ಕಳ್ಳ, ನಿಷ್ಠಾವಂತ ಸಂಗಾತಿಯಂಥ ಪಾತ್ರಗಳ ಬೇಲಿಯನ್ನು ಅವನು ದಾಟಲಾಗಲಿಲ್ಲ. ಮೂಲವನ್ನು ಹೇಳಿಕೊಂಡವರಿಗೆ ಸಿಗುತ್ತಿದ್ದ ಪಾಲು ಎಷ್ಟೆಂಬುದಕ್ಕೆ ಆತನ ವೃತ್ತಿಜೀವನವೇ ನಿದರ್ಶನ.

ಕ್ಯಾತಿ ಯಾರು, ಹೀತ್‌ಕ್ಲಿಫ್ ಯಾರು?

1937ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಕಾರು ಅಪಘಾತಕ್ಕೀಡಾಗಿ ಮೆರ್ಲ್ ಗಾಯಗೊಂಡಳು. ಆಕೆ ನಟಿಸುತ್ತಿದ್ದ 'ಐ, ಕ್ಲಾಡಿಯಸ್' ಚಿತ್ರ ಅರ್ಧಕ್ಕೇ ನಿಂತಿತು. ಅದೇ ವರ್ಷ ಷಾರ್ಲೆಟ್ ತೀರಿಕೊಂಡಳು. ಮಗಳ ಜತೆಯಲ್ಲೇ ಲಂಡನ್ನಿನಲ್ಲಿ ಬದುಕಿದ್ದ ಆಕೆ ಅತಿಥಿಗಳು ಬಂದಾಗ ಮನೆಯ ಕೆಲಸದವಳೆಂದು ತೋರಿಸಿಕೊಳ್ಳುತ್ತಿದ್ದಳೆಂಬ ಮಾತು ಚಿತ್ರವಲಯದಲ್ಲಿ ಬಹುಕಾಲ ಉಳಿಯಿತು.

ಎರಡು ವರ್ಷಗಳ ಬಳಿಕ ಬಂದದ್ದು ಆಕೆಯ ಹೆಸರನ್ನು ಉಳಿಸಿದ ಚಿತ್ರ. ಎಮಿಲಿ ಬ್ರಾಂಟಿಯ ಕಾದಂಬರಿಯನ್ನು ಆಧರಿಸಿ ವಿಲಿಯಂ ವೈಲರ್ ನಿರ್ದೇಶಿಸಿದ 'ವುದರಿಂಗ್ ಹೈಟ್ಸ್' (1939). ಮೆರ್ಲ್ ನಾಯಕಿ ಕ್ಯಾತಿ. ಲಾರೆನ್ಸ್ ಒಲಿವಿಯರ್ ನಾಯಕ ಹೀತ್‌ಕ್ಲಿಫ್. ಆ ಪಾತ್ರ ತನ್ನ ಪ್ರೇಯಸಿ ವಿವಿಯನ್ ಲೀಗೆ ಸಿಗಬೇಕೆಂಬುದು ಒಲಿವಿಯರ್‌ನ ಆಸೆಯಾಗಿತ್ತು. ವಿವಿಯನ್ ಹುಟ್ಟಿದ್ದೂ ಭಾರತದಲ್ಲೇ, ಡಾರ್ಜಿಲಿಂಗ್‌ನಲ್ಲಿ. ಬಿಳಿಯ ದಂಪತಿಗಳ ಮಗಳೆಂದು ಹೆಸರಾಗಿದ್ದ ಆಕೆಗೆ ಅದನ್ನು ಮುಚ್ಚಿಡುವ ಅಗತ್ಯ ಬೀಳಲಿಲ್ಲ.

ಬ್ರಾಂಟಿಯ ಕಾದಂಬರಿಯಲ್ಲಿ ಹೀತ್‌ಕ್ಲಿಫ್ ಎಲ್ಲಿಂದಲೋ ಬಂದ, ಕಪ್ಪು ಮೈಬಣ್ಣದ ಅನಾಥ. ಏಷ್ಯಾದ ಹಡಗು ಕೂಲಿಯ ಮಗನಿರಬಹುದೇ ಎಂದು ಅಲ್ಲಿನ ಪಾತ್ರವೊಂದು ಊಹಿಸುತ್ತದೆ. ಕ್ಯಾತಿಯಾದರೋ ಅಚ್ಚ ಯಾರ್ಕ್‌ಶೈರ್ ಮನೆತನದ ಹುಡುಗಿ. ಚಿತ್ರದಲ್ಲಿ ಆ ಕಪ್ಪು ಅನಾಥ ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗನಾದ ಒಲಿವಿಯರ್. ಆ ಬಿಳಿಯ ಹುಡುಗಿ ಮುಂಬಯಿಯಲ್ಲಿ ಹುಟ್ಟಿ, ಕಲ್ಕತ್ತದ ಶಾಲೆಯಲ್ಲಿ ಬಣ್ಣದ ಮಾತಿಗೆ ನೊಂದು ಹೊರಬಂದವಳು. ಪ್ರೇಕ್ಷಕರಿಗೆ ಇದರ ಸುಳಿವೂ ಇರಲಿಲ್ಲ.

ಮುಖದ ಮೇಲಿನ ಬೆಳಕು

1939ರಲ್ಲೇ ಮೆರ್ಲ್ ಕಾರ್ಡಾನನ್ನು ಮದುವೆಯಾದಳು. 1942ರಲ್ಲಿ ಆತನಿಗೆ ನೈಟ್ ಪದವಿ ಬಂದಾಗ ಕಲ್ಕತ್ತದ ಟೆಲಿಫೋನ್ ಆಪರೇಟರ್ 'ಲೇಡಿ ಕಾರ್ಡಾ' ಆದಳು. ದಾಂಪತ್ಯ 1945ರಲ್ಲಿ ಮುರಿಯಿತು. ಅದೇ ವರ್ಷ ಆಕೆ ವರಿಸಿದ್ದು ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್‌ನನ್ನು.

ಈ ಮದುವೆಯ ಹಿಂದೆ ಒಂದು ದೀಪದ ಕಥೆಯಿದೆ. ಸೌಂದರ್ಯವರ್ಧಕಗಳು ಮತ್ತು ಒಗ್ಗದ ಔಷಧಿಯಿಂದ ಆಕೆಯ ಮುಖದ ಚರ್ಮ ಕೆಟ್ಟಿತ್ತು. 'ದಿ ಲಾಡ್ಜರ್' (1944) ಚಿತ್ರಕ್ಕೆ ಕೆಲಸ ಮಾಡುವಾಗ ಬಲಾರ್ಡ್, ಕ್ಯಾಮರಾದ ಮಸೂರಕ್ಕೆ ಒತ್ತಿಕೊಂಡಂತೆ ಒಂದು ಸಣ್ಣ ದೀಪ ಜೋಡಿಸಿದ. ಬೆಳಕು ನೇರವಾಗಿ ಮುಖದ ಮೇಲೆ ಬಿದ್ದರೆ ಕಲೆ, ಕುಳಿಗಳ ನೆರಳು ಮೂಡುವುದಿಲ್ಲ. ಚರ್ಮ ನುಣುಪಾಗಿಯೂ ಬೆಳ್ಳಗೂ ಕಾಣುತ್ತದೆ. ಮೆರ್ಲ್‌ಳ ಹೆಸರಿನಿಂದಲೇ ಅದಕ್ಕೆ 'ಓಬಿ' ಎಂದು ಹೆಸರಾಯಿತು. ಆಕೆಯ ಚಿತ್ರಗಳನ್ನು ಮರೆತ ಛಾಯಾಗ್ರಾಹಕರೂ ಈ ಹೆಸರನ್ನು ಮರೆಯಲಿಲ್ಲ.

1949ರಲ್ಲಿ, ಷಾರ್ಲೆಟ್ ಸತ್ತು 12 ವರ್ಷಗಳ ನಂತರ, ಮೆರ್ಲ್ ಹಳೆಯ ಫೋಟೊವೊಂದನ್ನು ಕಲಾವಿದನಿಗೆ ಕೊಟ್ಟು ತಾಯಿಯ ವರ್ಣಚಿತ್ರ ಬರೆಸಿದಳು. ಮೈಬಣ್ಣವನ್ನು ತಿಳಿಗೊಳಿಸಬೇಕೆಂಬುದು ಆಕೆಯ ಸೂಚನೆಯಾಗಿತ್ತು. ಮುಂದೆ ತಾನು ಬಾಳಿದ ಮನೆಗಳಲ್ಲೆಲ್ಲ ಆ ಚಿತ್ರವನ್ನು ತೂಗುಹಾಕಿಕೊಂಡಳು. ಸುಳ್ಳಿನ ನಡುವೆಯೂ ತಾಯಿಯನ್ನು ಬಿಟ್ಟಿರಲಾರದ ಮಗಳು ಕಂಡುಕೊಂಡ ದಾರಿ ಅದು.

ಕಡತ ಹೊರಬಂದಾಗ

ಬಲಾರ್ಡ್‌ನಿಂದಲೂ 1949ರಲ್ಲಿ ವಿಚ್ಛೇದನವಾಯಿತು. 1957ರಲ್ಲಿ ಉದ್ಯಮಿ ಬ್ರೂನೊ ಪಾಲ್ಯಾಯಿಯನ್ನು ಮದುವೆಯಾಗಿ ಮೆಕ್ಸಿಕೊದಲ್ಲಿ ನೆಲೆಸಿದಳು. ಇಬ್ಬರು ಮಕ್ಕಳನ್ನು ದತ್ತು ಪಡೆದಳು. 1975ರಲ್ಲಿ ಡಚ್ ನಟ ರಾಬರ್ಟ್ ವೋಲ್ಡರ್ಸ್ ನಾಲ್ಕನೆಯ ಪತಿಯಾದ.

1978ರಲ್ಲಿ ಆಸ್ಟ್ರೇಲಿಯಾ ಪ್ರವಾಸ ಬಂತು. ಹೋಬಾರ್ಟ್ ನಗರ ತನ್ನ 'ಮಗಳಿಗೆ' ಸ್ವಾಗತ ಸಮಾರಂಭ ಏರ್ಪಡಿಸಿತು. ಅಲ್ಲಿ ಅಸ್ವಸ್ಥಳಾದ ಆಕೆ ಬೇಗನೆ ಹಿಂದಿರುಗಿದಳು. ಅಷ್ಟರಲ್ಲಿ ಸುಳ್ಳಿಗೆ ಬೇರೆಯದೇ ಜೀವ ಬಂದಿತ್ತು. ಆಕೆ ತಮ್ಮೂರಿನ ಚೀನೀ ಮೂಲದ ಬಡ ಹೆಂಗಸಿನ ಮಗಳೆಂದು ನಂಬಿದವರು ಟಾಸ್ಮೇನಿಯಾದಲ್ಲಿ ಅನೇಕರಿದ್ದರು. 1979ರ ನವೆಂಬರ್ 23ರಂದು ಮೆರ್ಲ್ ಕ್ಯಾಲಿಫೋರ್ನಿಯಾದಲ್ಲಿ ಪಾರ್ಶ್ವವಾಯುವಿನಿಂದ ನಿಧನಳಾದಳು.

1983ರಲ್ಲಿ ಪ್ರಕಟವಾದ ಜೀವನಚರಿತ್ರೆ ಆಕೆ ಹುಟ್ಟಿದ್ದು ಮುಂಬಯಿಯಲ್ಲಿ ಎಂಬುದನ್ನು ಹೊರಗೆಡವಿತು. 2002ರ ಸಾಕ್ಷ್ಯಚಿತ್ರವೊಂದು ಇನ್ನಷ್ಟು ಆಳಕ್ಕಿಳಿಯಿತು. ಜನನ ದಾಖಲೆಯ ಪ್ರಕಾರ ಆಕೆಯ ತಾಯಿ ಷಾರ್ಲೆಟ್ ಅಲ್ಲ. ಷಾರ್ಲೆಟ್‌ಳ ಮಗಳು, ಆಗಿನ್ನೂ ಎಳೆಯ ಬಾಲಕಿಯಾಗಿದ್ದ ಕಾನ್‌ಸ್ಟನ್ಸ್. ಮಗಳಿಗೆ ಆದ ಅನ್ಯಾಯವನ್ನು ಮರೆಮಾಚಲು ಅಜ್ಜಿಯೇ ಅಮ್ಮನಾಗಿದ್ದಳು. ಕಾನ್‌ಸ್ಟನ್ಸ್ ಅಕ್ಕನೆನಿಸಿಕೊಂಡು ಉಳಿದಳು. ಟಾಸ್ಮೇನಿಯಾದ ಕಥೆ ಹುಟ್ಟುವ ಎರಡು ದಶಕ ಮೊದಲೇ ಈ ಮನೆಯಲ್ಲಿ ಒಂದು ಸುಳ್ಳು ಬಾಳುತ್ತಿತ್ತು. ಮೊದಲನೆಯದನ್ನು ಕಟ್ಟಿದ್ದು ಕುಟುಂಬದ ಮಾನದ ಭಯ. ಎರಡನೆಯದನ್ನು ಕಟ್ಟಿದ್ದು ಮಾರುಕಟ್ಟೆ ಮತ್ತು ಕಾನೂನು.

2023ರಲ್ಲಿ ಮಲೇಷ್ಯಾದ ಮಿಷೆಲ್ ಯೋ ಶ್ರೇಷ್ಠ ನಟಿಯ ಆಸ್ಕರ್ ಸ್ಪರ್ಧೆಗೆ ಆಯ್ಕೆಯಾಗಿ ಪ್ರಶಸ್ತಿಯನ್ನೂ ಗೆದ್ದಾಗ, ಈ ಗೌರವಕ್ಕೆ ಪಾತ್ರಳಾದ ಮೊದಲ ಏಷ್ಯನ್ ನಟಿ ಯಾರೆಂಬ ಚರ್ಚೆ ನಡೆಯಿತು. ತಾನು ಏಷ್ಯಾದವಳೆಂದು ಹೇಳಿಕೊಂಡವರಲ್ಲಿ ಯೋ ಮೊದಲಿಗಳು ಎಂದು ಪತ್ರಿಕೆಗಳು ಎಚ್ಚರಿಕೆಯಿಂದ ಬರೆದವು. ಆ ಎಚ್ಚರಿಕೆಯ ಮಾತು ಬೇಕಾದದ್ದು ಮೆರ್ಲ್ ಓಬೆರಾನ್‌ಳ ಕಾರಣದಿಂದ. 87 ವರ್ಷ ಹಿಂದೆಯೇ ಆ ಪಟ್ಟಿಯಲ್ಲಿ ಮುಂಬಯಿಯ ಹುಡುಗಿಯೊಬ್ಬಳ ಹೆಸರಿತ್ತು. ಅದನ್ನು ಹೇಳಿಕೊಳ್ಳುವ ಹಕ್ಕು ಮಾತ್ರ ಆಕೆಗಿರಲಿಲ್ಲ.