ಅನುಭವಿಯೂ ಅನನುಭವಿಯೂ

ದೇಶದ ಅತ್ಯುನ್ನತ ಪದವಿಗೆ ಒಬ್ಬನನ್ನು ಆರಿಸುವಾಗ ಆತನ ರಾಜಕೀಯ ಅನುಭವವನ್ನು ಎಷ್ಟರಮಟ್ಟಿಗೆ ಗಣನೆಗೆ ತೆಗೆದುಕೊಳ್ಳಬೇಕು? ಪ್ರಶ್ನೆ ಸರಳವಾಗಿಯೇ ತೋರುತ್ತದೆ. ಮನೆ ಕಟ್ಟಿಸುವವರು ಕೈ ಪಳಗಿದ ಮೇಸ್ತ್ರಿಯನ್ನು ಹುಡುಕುತ್ತಾರೆ. ಕಾಯಿಲೆ ಬಿದ್ದವರು ಹೆಸರಾದ ವೈದ್ಯರ ಬಾಗಿಲಿಗೆ ಹೋಗುತ್ತಾರೆ. ರಾಜ್ಯಭಾರಕ್ಕೆ ಮಾತ್ರ ಹೊಸಬನಾದರೂ ಆದೀತು ಎನ್ನುವುದು ಹೇಗೆ? ಹೀಗೆ ವಾದಿಸುವವರ ಮಾತನ್ನು ನಾನು ಬಹುಕಾಲ ಒಪ್ಪಿಕೊಂಡಿದ್ದೆ. ಅಮೆರಿಕದ ಇತಿಹಾಸದಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬಂದ ಎರಡು ಅಧ್ಯಕ್ಷಾವಧಿಗಳ ವೃತ್ತಾಂತವನ್ನು ಓದಿದ ಮೇಲೆ ಆ ಒಪ್ಪಿಗೆ ಸಡಿಲವಾಯಿತು. ಇನ್ನಷ್ಟು ಓದಿದ ಮೇಲೆ ಅದಕ್ಕೆ ಎದುರಾದ ವಾದವೂ ಅಷ್ಟೇ ಸಡಿಲವೆಂದು ತೋರಿತು. ಈ ಎರಡರ ನಡುವೆ ಕಾಲೂರಿ ನಿಲ್ಲಬಹುದಾದ ನೆಲ ಯಾವುದು ಎಂಬುದನ್ನು ಈ ಭಾಷಣದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಅಮೆರಿಕದ ಅಧ್ಯಕ್ಷನ ಸ್ಥಾನ ನಮ್ಮ ರಾಷ್ಟ್ರಪತಿಯ ಸ್ಥಾನದಂತಲ್ಲ. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂಬ ಕಟ್ಟುಪಾಡು ಆತನಿಗಿಲ್ಲ. ಮಂತ್ರಿಗಳೇ ಆತನ ಸಲಹೆಗಾರರು. ಸೈನ್ಯದ ಮಹಾದಂಡನಾಯಕನೂ ಆತನೇ. ಅಂಥ ಪದವಿಗೆ ತಪ್ಪು ವ್ಯಕ್ತಿ ಬಂದರೆ ಆ ತಪ್ಪನ್ನು ತಿದ್ದಲು ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. ಕೆಲವೊಮ್ಮೆ ಅಷ್ಟು ಕಾಲಾವಕಾಶ ದೇಶಕ್ಕೆ ಇರುವುದಿಲ್ಲ.

1857ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ಜೇಮ್ಸ್ ಬುಕಾನನ್ನನಷ್ಟು ಅನುಭವಿಗಳು ಆ ಪದವಿಗೆ ಬಂದುದು ಅಪರೂಪ. ಪೆನ್ಸಿಲ್ವೇನಿಯದ ಶಾಸನಸಭೆಯಲ್ಲಿ ಆತನ ರಾಜಕೀಯ ಜೀವನ ಆರಂಭವಾಯಿತು. 1821ರಿಂದ ಹತ್ತು ವರ್ಷ ಆತನು ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದನು. ಅನಂತರ ರಷ್ಯದಲ್ಲಿ ರಾಯಭಾರಿ, 1834ರಿಂದ 1845ರವರೆಗೆ ಸೆನೆಟ್ ಸದಸ್ಯ, ಆಮೇಲೆ ನಾಲ್ಕು ವರ್ಷ ವಿದೇಶಾಂಗ ಮಂತ್ರಿ, ಕೊನೆಗೆ ಇಂಗ್ಲೆಂಡಿನಲ್ಲಿ ರಾಯಭಾರಿ. ಕೋಶ ಓದಬೇಕು, ದೇಶ ಸುತ್ತಬೇಕು ಎಂಬ ನಮ್ಮ ಹಿರಿಯರ ಮಾತಿನ ಎರಡು ಭಾಗವನ್ನೂ ಆತನು ಚೆನ್ನಾಗಿ ಪೂರೈಸಿದ್ದನು. ಗುಲಾಮಗಿರಿಯ ಜಗಳ ಹೊತ್ತಿ ಉರಿಯುತ್ತಿದ್ದ ಹೊತ್ತಿನಲ್ಲಿ ದೇಶವು ಇಂಥ ಪಳಗಿದ ಕೈಯನ್ನು ಆರಿಸಿತು. ಆರಿಸಿದವರನ್ನು ಹಳಿಯುವಂತಿಲ್ಲ.

ಆದರೆ ಆ ಅನುಭವ ಆತನಿಗೆ ಏನನ್ನು ಕಲಿಸಿತ್ತು? ಆತನು ಕಾಂಗ್ರೆಸ್ಸಿಗೆ ಕಾಲಿಟ್ಟಾಗ 1820ರ ಮಿಸೌರಿ ಒಪ್ಪಂದದ ನೆನಪು ಹಸಿಯಾಗಿತ್ತು. ಗುಲಾಮರಿರುವ ರಾಜ್ಯಗಳಿಗೂ ಇಲ್ಲದ ರಾಜ್ಯಗಳಿಗೂ ನಡುವೆ ಒಂದು ಗೆರೆ ಎಳೆದು ಜಗಳವನ್ನು ಮುಂದೂಡಿದ ಒಪ್ಪಂದ ಅದು. 1850ರಲ್ಲಿ ಇನ್ನೊಂದು ರಾಜಿಯಾಯಿತು. ದಕ್ಷಿಣದವರನ್ನು ಸಮಾಧಾನಪಡಿಸಿದರೆ, ಮಾತು ಹೆಚ್ಚು ಬೆಳೆಯದಂತೆ ನೋಡಿಕೊಂಡರೆ, ಬಿರುಗಾಳಿ ತಾನಾಗಿಯೇ ಇಳಿಯುತ್ತದೆ: ನಾಲ್ಕು ದಶಕಗಳ ಸಾರ್ವಜನಿಕ ಜೀವನ ಬುಕಾನನ್ನನಿಗೆ ಕಲಿಸಿದ ಪಾಠ ಇದು. ಆ ಪಾಠ ಒಂದು ಕಾಲಕ್ಕೆ ನಿಜವೂ ಆಗಿತ್ತು. ಕಾಲ ಬದಲಾದುದನ್ನು ಮಾತ್ರ ಅದು ಆತನಿಗೆ ತಿಳಿಸಲಿಲ್ಲ.

ಆತನು ಪ್ರಮಾಣವಚನ ಸ್ವೀಕರಿಸಿದ ಎರಡೇ ದಿನಗಳಿಗೆ, ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿತ್ತು. ಕಪ್ಪು ಜನ ಅಮೆರಿಕದ ಪೌರರಾಗಲಾರರು, ಕೇಂದ್ರಾಡಳಿತದ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗಿಲ್ಲ ಎಂದು ಆ ತೀರ್ಪು ಸಾರಿತು. ಅದು ಹೊರಬೀಳುವ ಮೊದಲೇ ಬುಕಾನನ್ ನ್ಯಾಯಮೂರ್ತಿಗಳೊಂದಿಗೆ ಖಾಸಗಿಯಾಗಿ ಪತ್ರವ್ಯವಹಾರ ನಡೆಸಿದ್ದನು. ವಿವಾದಕ್ಕೆ ನ್ಯಾಯಾಲಯವೇ ಶೀಘ್ರವಾಗಿ ಕೊನೆಯ ಪರಿಹಾರ ನೀಡಲಿದೆ ಎಂದು ತನ್ನ ಉದ್ಘಾಟನಾ ಭಾಷಣದಲ್ಲಿ ಹೇಳಿಯೂ ಇದ್ದನು. ಪಳಗಿದ ರಾಜಕಾರಣಿಯ ಚಾತುರ್ಯವೇನೋ ಹೌದು. ಆದರೆ ಆರುತ್ತದೆಂದುಕೊಂಡಿದ್ದ ಬೆಂಕಿ ಇಮ್ಮಡಿಯಾಯಿತು. ಮರುವರ್ಷ ಕ್ಯಾನ್ಸಸ್ಸಿನಲ್ಲಿ ಗುಲಾಮಗಿರಿಯ ಪರವಾಗಿದ್ದ ಅಲ್ಪಸಂಖ್ಯಾತರು ರಚಿಸಿದ ಸಂವಿಧಾನವನ್ನು ಆತನು ಕಾಂಗ್ರೆಸ್ಸಿನಲ್ಲಿ ಬೆಂಬಲಿಸಿದಾಗ, ಸ್ವಂತ ಡೆಮಾಕ್ರಟಿಕ್ ಪಕ್ಷವೇ ಬಿರಿಯಿತು. 1860ರ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನ ಒಕ್ಕೂಟದಿಂದ ಹೊರನಡೆಯಿತು. ಅದೇ ತಿಂಗಳ ಆರಂಭದಲ್ಲಿ ಬುಕಾನನ್ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದ ಸಾರ ಇಷ್ಟು: ಹೊರನಡೆಯಲು ರಾಜ್ಯಗಳಿಗೆ ಹಕ್ಕಿಲ್ಲ, ಹೊರನಡೆದರೆ ಬಲಾತ್ಕಾರದಿಂದ ತಡೆಯಲು ಕೇಂದ್ರಕ್ಕೂ ಅಧಿಕಾರವಿಲ್ಲ. ಆತನು ಪದವಿಯಿಂದ ಇಳಿಯುವ ಹೊತ್ತಿಗೆ ಏಳು ರಾಜ್ಯಗಳು ಕೈಬಿಟ್ಟು ಹೋಗಿದ್ದವು.

ಆತನ ಸ್ಥಾನಕ್ಕೆ ಬಂದವನು ಏಬ್ರಹಾಂ ಲಿಂಕನ್. ಇಲಿನಾಯ್ ರಾಜ್ಯದ ಶಾಸನಸಭೆಯಲ್ಲಿ ಎಂಟು ವರ್ಷ, ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಯಲ್ಲಿ 1847ರಿಂದ 1849ರವರೆಗೆ ಒಂದೇ ಒಂದು ಅವಧಿ. ಆತನು ಅಲಂಕರಿಸಿದ್ದ ಹೇಳಿಕೊಳ್ಳುವಂಥ ಸ್ಥಾನಗಳು ಇಷ್ಟೇ. ಮಂತ್ರಿಯಾಗಿರಲಿಲ್ಲ, ಗವರ್ನರನಾಗಿರಲಿಲ್ಲ, ಯಾವ ದೊಡ್ಡ ಕಚೇರಿಯನ್ನೂ ನಡೆಸಿರಲಿಲ್ಲ. ಸೋಲುಗಳ ಪಟ್ಟಿ ಇದಕ್ಕಿಂತ ಉದ್ದವಾದುದು. 1832ರ ಮೊದಲ ಚುನಾವಣೆಯಲ್ಲಿ ಸೋಲು; ಪಾಲುದಾರಿಕೆಯಲ್ಲಿ ತೆರೆದ ಅಂಗಡಿ ಮುಳುಗಿ ತಲೆಯ ಮೇಲೆ ಸಾಲ; 1849ರಲ್ಲಿ ಬಯಸಿದ ಸರ್ಕಾರಿ ಹುದ್ದೆ ದೊರೆಯಲಿಲ್ಲ; ಸೆನೆಟ್ ಸ್ಥಾನ 1855ರಲ್ಲಿ ಒಮ್ಮೆ, 1858ರ ಸ್ಪರ್ಧೆಯಲ್ಲಿ ಮತ್ತೊಮ್ಮೆ ಕೈತಪ್ಪಿತು.

ಇಂಥವನನ್ನು ರಿಪಬ್ಲಿಕನ್ ಪಕ್ಷ ಏಕೆ ಆರಿಸಿತು? ಅನನುಭವದಲ್ಲಿ ಏನೋ ಒಂದು ಪಾವಿತ್ರ್ಯವನ್ನು ಕಂಡು ಆರಿಸಿತೆಂದು ಭಾವಿಸುವುದು ತಪ್ಪು. 1860ರ ಮೇ ತಿಂಗಳಲ್ಲಿ ಚಿಕಾಗೊ ನಗರದಲ್ಲಿ ಪಕ್ಷದ ಅಧಿವೇಶನ ಸೇರಿದಾಗ ಎಲ್ಲರ ಬಾಯಲ್ಲಿದ್ದ ಹೆಸರು ವಿಲಿಯಂ ಸೀವರ್ಡನದು. ಆತನು ನ್ಯೂಯಾರ್ಕಿನ ಮಾಜಿ ಗವರ್ನರ್. ಹನ್ನೊಂದು ವರ್ಷಗಳಿಂದ ಸೆನೆಟ್ ಸದಸ್ಯ. ಆಯ್ಕೆಗೆ ಬೇಕಾಗಿದ್ದುದು 233 ಮತ. ಮೊದಲ ಸುತ್ತಿನಲ್ಲಿ ಸೀವರ್ಡನಿಗೆ 173½, ಲಿಂಕನ್ನನಿಗೆ 102. ಎರಡನೆಯ ಸುತ್ತಿನಲ್ಲಿ 184½ ಮತ್ತು 181. ಮೂರನೆಯ ಸುತ್ತಿನಲ್ಲಿ ಲಿಂಕನ್ 231½ಕ್ಕೆ ಏರಿದನು. ಆ ಗಳಿಗೆಯಲ್ಲಿ ಒಹಾಯೋದ ನಾಲ್ಕು ಮತಗಳು ಆತನ ಕಡೆಗೆ ತಿರುಗಿ ಕಾರ್ಯ ಮುಗಿಯಿತು. ಬಹುಕಾಲ ಸಾರ್ವಜನಿಕ ಜೀವನದಲ್ಲಿದ್ದ ಸೀವರ್ಡ್ ಬಹಳ ಮಾತನಾಡಿದ್ದನು, ಬಹಳ ಜನರ ವಿರೋಧವನ್ನೂ ಕಟ್ಟಿಕೊಂಡಿದ್ದನು. ಲಿಂಕನ್ನನಿಗೆ ಶತ್ರುಗಳು ಕಡಿಮೆ. ಹಲವರಿಗೆ ಆತನು ಎರಡನೆಯ ಆಯ್ಕೆಯಾಗಿದ್ದನು, ಅವನನ್ನು ಸಹಿಸಲಾರೆವೆನ್ನುವವರು ಯಾರೂ ಇರಲಿಲ್ಲ. ಅನನುಭವ ಅಲ್ಲಿ ಗುಣವೆಂದು ಗೆಲ್ಲಲಿಲ್ಲ, ಅನುಕೂಲವೆಂದು ಗೆದ್ದಿತು. ನವೆಂಬರಿನಲ್ಲಿ ನಾಲ್ವರು ಅಭ್ಯರ್ಥಿಗಳ ನಡುವೆ ಜನರ ಮತಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ತುಸು ಕಡಿಮೆ ಪಡೆದು ಆತನು ಅಧ್ಯಕ್ಷನಾದನು.

ಅನನುಭವದ ಬೆಲೆಯನ್ನೂ ದೇಶ ತೆರಬೇಕಾಯಿತು. 1861ರ ಏಪ್ರಿಲಿನಲ್ಲಿ ಮುತ್ತಿಗೆಗೆ ಒಳಗಾಗಿದ್ದ ಸಮ್ಟರ್ ಕೋಟೆಗೆ ಆಹಾರ ಸಾಮಗ್ರಿ ಕಳಿಸಲು ಹಡಗುಗಳು ಸಿದ್ಧವಾಗುತ್ತಿದ್ದಾಗ, ಮುಂದಿಟ್ಟ ಕಾಗದಗಳಿಗೆ ಲಿಂಕನ್ ಸರಿಯಾಗಿ ಓದದೆ ಸಹಿ ಹಾಕಿದನು. ಪರಿಣಾಮವಾಗಿ, ನೌಕಾಖಾತೆಯ ಮಂತ್ರಿ ಸಮ್ಟರಿಗೆಂದು ನಂಬಿಕೊಂಡಿದ್ದ ಪೌಹಟನ್ ಎಂಬ ಯುದ್ಧನೌಕೆ ಬೇರೊಂದು ಕೋಟೆಯ ಕಡೆಗೆ ಹೊರಟುಹೋಯಿತು. ತಪ್ಪು ತನ್ನದೆಂದು ಲಿಂಕನ್ ಒಪ್ಪಿಕೊಂಡನು. ಯುದ್ಧಖಾತೆಗೆ ಆತನು ನೇಮಿಸಿದ ಸೈಮನ್ ಕ್ಯಾಮರನ್ನನ ಕಾಲದಲ್ಲಿ ಸೈನ್ಯದ ಗುತ್ತಿಗೆಗಳಲ್ಲಿ ಅವ್ಯವಹಾರ ಬೆಳೆದು, ಒಂದು ವರ್ಷ ತುಂಬುವುದರೊಳಗೆ ಆತನನ್ನು ಬದಲಿಸಬೇಕಾಯಿತು. ಸೇನಾಪತಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಆರಿಸಿ ಕೈಬಿಡಬೇಕಾಯಿತು. ಆರು ಲಕ್ಷಕ್ಕೂ ಮಿಗಿಲು ಜನ ಮಡಿದ ಯುದ್ಧದಲ್ಲಿ ಒಬ್ಬ ನಾಯಕ ಕಲಿಯಲು ತೆಗೆದುಕೊಂಡ ಪ್ರತಿಯೊಂದು ತಿಂಗಳಿಗೂ ಲೆಕ್ಕವಿದೆ. ಇದನ್ನು ಮರೆತು ಲಿಂಕನ್ನನನ್ನು ಹೊಗಳುವುದು ಇತಿಹಾಸವಾಗದು, ಪುರಾಣವಾದೀತು.

ಹಾಗಿದ್ದರೂ ಆತನು ಉಳಿದುದು, ಒಕ್ಕೂಟವನ್ನು ಉಳಿಸಿದುದು ಹೇಗೆ? ಈ ಪ್ರಶ್ನೆಯ ಮುಂದೆ ನಿಂತಾಗ ನನಗೆ ನಮ್ಮ ಭಾಷೆಯ ಒಂದು ಪದವೇ ದಾರಿ ತೋರಿದಂತಾಯಿತು. ‘ಅನುಭವಿಸು’ ಎಂಬ ಕ್ರಿಯಾಪದವನ್ನು ನಾವು ಎರಡು ಬಗೆಯಲ್ಲಿ ಬಳಸುತ್ತೇವೆ. ಅಧಿಕಾರವನ್ನು ಅನುಭವಿಸಿದನು ಎಂದರೆ ಅದರ ಸುಖವನ್ನು ಉಂಡನು ಎಂದು ಅರ್ಥ. ಆತನು ಬಹಳ ಅನುಭವಿಸಿದನಪ್ಪಾ ಎಂದರೆ ಕಷ್ಟಪಟ್ಟನು, ನೊಂದನು ಎಂದು ಅರ್ಥ. ಬುಕಾನನ್ನನದು ಮೊದಲನೆಯ ಬಗೆಯ ಅನುಭವ, ಲಿಂಕನ್ನನದು ಎರಡನೆಯದು. ಸೋತಾಗಲೆಲ್ಲ ತಾನೇಕೆ ಸೋತೆನೆಂದು ಕೇಳಿಕೊಳ್ಳುವ ಅಭ್ಯಾಸ ಆತನಿಗಿತ್ತು. 1860ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ಆತನು ಮಾಡಿದ ಭಾಷಣವನ್ನೇ ನೋಡಬಹುದು. ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿಯಲ್ಲಿ ಯಾರು ಯಾವಾಗ ಗುಲಾಮಗಿರಿಯ ವಿಸ್ತರಣೆಯ ಪ್ರಶ್ನೆಯಲ್ಲಿ ಯಾವ ಕಡೆ ನಿಂತರೆಂದು ಹಳೆಯ ದಾಖಲೆಗಳಿಂದ ಹೆಕ್ಕಿ ತೆಗೆದು, ಅವರಲ್ಲಿ 21 ಜನ, ಎಂದರೆ ಅರ್ಧಕ್ಕಿಂತ ಹೆಚ್ಚು ಮಂದಿ, ಅದನ್ನು ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕಿದೆಯೆಂದು ಒಪ್ಪಿದ್ದರೆಂಬುದನ್ನು ತೋರಿಸಿದನು. ಮುಂದೆ ಅಧ್ಯಕ್ಷನಾದಾಗ ಯುದ್ಧಶಾಸ್ತ್ರದ ಗ್ರಂಥಗಳನ್ನು ಕಾಂಗ್ರೆಸ್ ಗ್ರಂಥಾಲಯದಿಂದ ತರಿಸಿ ಓದಿದವನೂ ಇದೇ ಮನುಷ್ಯನೇ.

ಇದಕ್ಕಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ತನ್ನಲ್ಲಿಲ್ಲದ ಅನುಭವವನ್ನು ಲಿಂಕನ್ ಮನೆಗೆ ಕರೆತಂದನು. ಚಿಕಾಗೊದಲ್ಲಿ ತನ್ನೆದುರು ನಿಂತು ಸೋತ ಸೀವರ್ಡ್, ಚೇಸ್, ಬೇಟ್ಸ್, ಕ್ಯಾಮರನ್ ನಾಲ್ವರನ್ನೂ ಮಂತ್ರಿಗಳನ್ನಾಗಿ ಮಾಡಿಕೊಂಡನು. ಹಿಂದೆ ಒಂದು ಮೊಕದ್ದಮೆಯಲ್ಲಿ ತನ್ನನ್ನು ತಿರಸ್ಕಾರದಿಂದ ಕಂಡಿದ್ದ, ಬುಕಾನನ್ನನ ಮಂತ್ರಿಮಂಡಲದಲ್ಲಿಯೂ ಇದ್ದ ಸ್ಟ್ಯಾಂಟನ್ನನನ್ನು ಕ್ಯಾಮರನ್ನನ ಸ್ಥಾನಕ್ಕೆ ತಂದನು. ಆದರೆ ಅನುಭವಿಗಳ ಕೈಗೊಂಬೆಯಾಗಲಿಲ್ಲ. 1861ರ ಏಪ್ರಿಲ್ 1ರಂದು ಸೀವರ್ಡ್ ಒಂದು ಟಿಪ್ಪಣಿ ಬರೆದು, ಸ್ಪೇನ್ ಮತ್ತು ಫ್ರಾನ್ಸ್ ದೇಶಗಳಿಂದ ವಿವರಣೆ ಕೇಳಬೇಕು, ಅದು ತೃಪ್ತಿಕರವಾಗಿರದಿದ್ದರೆ ಯುದ್ಧ ಸಾರಬೇಕು ಎಂದೂ, ನೀತಿಯ ಸೂತ್ರವನ್ನು ಯಾರಾದರೊಬ್ಬರು ಹಿಡಿಯಬೇಕು ಎಂದೂ ಸೂಚಿಸಿದನು. ಆ ಒಬ್ಬರು ಯಾರೆಂಬುದು ಅದರಲ್ಲಿ ಧ್ವನಿತವಾಗಿತ್ತು. ಏನನ್ನಾದರೂ ಮಾಡಲೇಬೇಕಾದರೆ ಅದನ್ನು ಮಾಡಬೇಕಾದವನು ತಾನೇ ಎಂದು ಲಿಂಕನ್ ಸೌಮ್ಯವಾಗಿ ಉತ್ತರಿಸಿದನು. ದೇಶದ ಹಿರಿಯ ಅನುಭವಿಗೆ ಅಂದು ತೋಚಿದ್ದು ವಿದೇಶಗಳ ಮೇಲೆ ಯುದ್ಧ. ಅದು ಅವಿವೇಕವೆಂದು ಕಂಡುದು ಹೊಸಬನಿಗೆ.

ಅದೇ ಸೀವರ್ಡ್ ಮರುವರ್ಷ ಇನ್ನೊಂದು ಸಲಹೆ ನೀಡಿದನು. 1862ರ ಜುಲೈ 22ರಂದು ಗುಲಾಮರ ವಿಮೋಚನೆಯ ಕರಡು ಘೋಷಣೆಯನ್ನು ಲಿಂಕನ್ ಮಂತ್ರಿಮಂಡಲದ ಮುಂದಿಟ್ಟಾಗ, ಸೈನ್ಯ ಸೋಲುತ್ತಿರುವ ಈ ಹೊತ್ತಿನಲ್ಲಿ ಇದನ್ನು ಪ್ರಕಟಿಸಿದರೆ ಸೋತವರ ಕೊನೆಯ ಕೂಗಿನಂತೆ ಕೇಳಿಸೀತು, ಒಂದು ಗೆಲುವಿಗಾಗಿ ಕಾಯೋಣ ಎಂದನು. ಲಿಂಕನ್ ಕರಡನ್ನು ಮಡಿಸಿಟ್ಟು ಕಾದನು. ಸೆಪ್ಟೆಂಬರ್ 17ರಂದು ಆಂಟೀಟಮ್ ಕದನದಲ್ಲಿ ಶತ್ರುಗಳು ಹಿಮ್ಮೆಟ್ಟಿದರು. ಐದು ದಿನಗಳಲ್ಲಿ ಪ್ರಾಥಮಿಕ ಘೋಷಣೆ ಹೊರಬಂದಿತು. 1863ರ ಜನವರಿ 1ರಂದು ಜಾರಿಗೆ ಬಂದಿತು. ಸುಮಾರು 40 ಲಕ್ಷ ಗುಲಾಮರಿದ್ದ ದೇಶದಲ್ಲಿ ನಿರ್ಧಾರ ಹೊಸಬನದು, ಮುಹೂರ್ತ ಹಳಬನದು. ಅನುಭವಕ್ಕೆ ರಾಜ್ಯಭಾರದಲ್ಲಿ ಸಲ್ಲುವ ಸ್ಥಾನ ಯಾವುದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನನಗೆ ತಿಳಿಯದು.

ಒಂದೇ ಜೋಡಿಯನ್ನು ಹಿಡಿದು ಸಿದ್ಧಾಂತ ಕಟ್ಟುವುದು ಅಪಾಯ. ಲಿಂಕನ್ನನ ನಂತರ ಬಂದ ಆಂಡ್ರೂ ಜಾನ್ಸನ್ ಪಟ್ಟಣದ ಸಭೆಯಿಂದ ಹಿಡಿದು ಸೆನೆಟ್‌ವರೆಗೆ ಪ್ರತಿಯೊಂದು ಮೆಟ್ಟಿಲನ್ನೂ ಏರಿದವನು. 1868ರ ಮಹಾಭಿಯೋಗದಲ್ಲಿ ಒಂದೇ ಒಂದು ಮತದ ಅಂತರದಿಂದ ಪದವಿ ಉಳಿಸಿಕೊಂಡನು. ಆತನ ನಂತರದ ಗ್ರಾಂಟ್ ಯುದ್ಧದ ಮಹಾವೀರ, ರಾಜಕೀಯಕ್ಕೆ ಹೊಸಬ. ಪ್ರಾಮಾಣಿಕನಾದ ಆತನ ಸುತ್ತ ಭ್ರಷ್ಟರು ಬೆಳೆದರು. ಯಾವ ರಾಜಕೀಯ ತರಬೇತಿಯೂ ಇಲ್ಲದೆ ಈ ಪದವಿಗೆ ಬಂದೆನೆಂದು 1876ರ ತನ್ನ ಕೊನೆಯ ವಾರ್ಷಿಕ ಸಂದೇಶದಲ್ಲಿ ಆತನೇ ಒಪ್ಪಿಕೊಂಡನು. ಹೀಗೆ ಅನುಭವಿಗಳೂ ಎಡವಿದ್ದಾರೆ, ಅನನುಭವಿಗಳೂ ಎಡವಿದ್ದಾರೆ. ಆದುದರಿಂದ ಅಭ್ಯರ್ಥಿಯು ಎಷ್ಟು ವರ್ಷ ಎಲ್ಲೆಲ್ಲಿ ಕುಳಿತಿದ್ದನೆಂಬ ಪಟ್ಟಿಯನ್ನು ಓದಿ ಸುಮ್ಮನಾಗದೆ, ಆ ವರ್ಷಗಳು ಆತನನ್ನು ಎಲ್ಲಿಯಾದರೂ ಬದಲಾಯಿಸಿವೆಯೇ ಎಂದು ವಿಚಾರಿಸಬೇಕು. ತನಗಿಂತ ಬಲ್ಲವರನ್ನು ಹತ್ತಿರ ಕೂರಿಸಿಕೊಳ್ಳುವ ಧೈರ್ಯ ಆತನಿಗಿದೆಯೇ ಎಂದೂ ನೋಡಬೇಕು.

ಬುಕಾನನ್ ಪದವಿಯಿಂದ ಇಳಿದು ಪೆನ್ಸಿಲ್ವೇನಿಯದ ತನ್ನ ಮನೆಗೆ ಮರಳಿದನು. ಯುದ್ಧವೆಲ್ಲ ಮುಗಿದು, ಗುಲಾಮಗಿರಿ ಅಳಿದುಹೋದ ಮೇಲೆ, 1866ರಲ್ಲಿ ತನ್ನ ಆಡಳಿತವನ್ನು ಸಮರ್ಥಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ತಾನು ನಡೆದುದೇ ಸರಿ ಎಂಬ ನಂಬಿಕೆ ಆತನಲ್ಲಿ ಕಡೆಯವರೆಗೂ ಕದಲಲಿಲ್ಲ. ಲಿಂಕನ್ ಮಾತ್ರ 1858ರ ಚರ್ಚೆಗಳಲ್ಲಿ ಬಿಳಿಯರಿಗೂ ಕರಿಯರಿಗೂ ರಾಜಕೀಯ ಸಮಾನತೆ ಬೇಕೆಂದು ತಾನು ಹೇಳುತ್ತಿಲ್ಲವೆಂದು ಸ್ಪಷ್ಟಪಡಿಸಿದ್ದವನು, 1865ರ ಏಪ್ರಿಲ್ 11ರಂದು ತನ್ನ ನಿವಾಸದ ಕಿಟಕಿಯಿಂದ ನೆರೆದ ಜನರಿಗೆ ಮಾತನಾಡುತ್ತ, ಕರಿಯರಲ್ಲಿ ವಿದ್ಯಾವಂತರಿಗೂ ಸೈನ್ಯದಲ್ಲಿ ದುಡಿದವರಿಗೂ ಮತದಾನದ ಹಕ್ಕು ದೊರೆಯಲೆಂಬ ತನ್ನ ಇಚ್ಛೆಯನ್ನು ಬಹಿರಂಗವಾಗಿ ತಿಳಿಸಿದನು. ಆ ಗುಂಪಿನಲ್ಲಿ ನಿಂತು ಈ ಮಾತನ್ನು ಕೇಳಿಸಿಕೊಂಡವರಲ್ಲಿ ಜಾನ್ ವಿಲ್ಕ್ಸ್ ಬೂತ್ ಒಬ್ಬನು. ಮೂರು ದಿನಗಳ ನಂತರ ಲಿಂಕನ್ನನಿಗೆ ಗುಂಡಿಕ್ಕಿದವನು ಅವನೇ.