ಮನೆಯಲ್ಲಿ ಧ್ವನಿವರ್ಧಕ ನಿರ್ಮಾಣ

ಮನೆಯಲ್ಲಿ ಧ್ವನಿವರ್ಧಕ ನಿರ್ಮಾಣ ಎಂದರೆ ಸಂಗೀತವನ್ನು ಉನ್ನತ ಗುಣಮಟ್ಟದಲ್ಲಿ ಆಲಿಸುವುದಕ್ಕಾಗಿ ಹವ್ಯಾಸಿಗಳು ಡ್ರೈವರ್‌ಗಳನ್ನು ಕೊಂಡು ತಂದು, ಪೆಟ್ಟಿಗೆಯನ್ನೂ ಕ್ರಾಸ್‌ಓವರ್ ಮಂಡಲವನ್ನೂ ಸ್ವತಃ ವಿನ್ಯಾಸಗೊಳಿಸಿ, ಸಾಮಾನ್ಯವಾಗಿ ಎರಡು ಧ್ವನಿವರ್ಧಕಗಳ ಜೋಡಿಯೊಂದನ್ನು ತಯಾರಿಸುವ ಕೆಲಸ. ಇದರಲ್ಲಿ ಮರಗೆಲಸ, ವಿದ್ಯುನ್ಮಾನ ಮತ್ತು ಧ್ವನಿವಿಜ್ಞಾನ ಮೂರೂ ಸೇರುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದಂತಹ ಕಾಫಿ ಸೀಮೆಯಲ್ಲಿ ನಾಲ್ಕನೆಯದಾಗಿ ಹವಾಮಾನವೂ ಸೇರಿಕೊಳ್ಳುತ್ತದೆ. ಒಣ ಪ್ರದೇಶದ ವಿನ್ಯಾಸವನ್ನು ಯಥಾವತ್ತಾಗಿ ಅನುಸರಿಸಿ ಮಾಡಿದ ಪೆಟ್ಟಿಗೆ ಮಲೆನಾಡಿನ ಒಂದೆರಡು ಮಳೆಗಾಲಗಳಲ್ಲಿಯೇ ಬಿರುಕು ಬಿಡಬಹುದು.

ಪದದ ಬಳಕೆ

ಕನ್ನಡದಲ್ಲಿ ‘ಧ್ವನಿವರ್ಧಕ’ ಎಂಬ ಪದವನ್ನು ಸ್ಪೀಕರ್‌ಗೂ ಆಂಪ್ಲಿಫೈಯರ್‌ಗೂ ಬಳಸುವುದುಂಟು. ಜಾತ್ರೆ, ಸಭೆ ಮತ್ತು ಬಯಲಾಟಗಳಲ್ಲಿ ಇಡೀ ವ್ಯವಸ್ಥೆಯನ್ನೇ ‘ಮೈಕ್’ ಎನ್ನುವುದು ರೂಢಿ. ಈ ಲೇಖನದಲ್ಲಿ ಧ್ವನಿವರ್ಧಕ ಎಂದರೆ ಡ್ರೈವರ್‌ಗಳನ್ನು ಒಳಗೊಂಡ ಪೆಟ್ಟಿಗೆ ಮಾತ್ರ. ಮೈದಾನಕ್ಕೆ ಕೇಳಿಸುವ ಕಹಳೆಯಾಕಾರದ ಹಾರ್ನ್‌ಗೂ ಕೋಣೆಯಲ್ಲಿ ವೀಣೆ ಕೇಳಲು ಇಡುವ ಪೆಟ್ಟಿಗೆಗೂ ಉದ್ದೇಶವೇ ಬೇರೆ: ಮೊದಲನೆಯದಕ್ಕೆ ಶಬ್ದದ ಪ್ರಮಾಣ ಮುಖ್ಯ, ಎರಡನೆಯದಕ್ಕೆ ನಿಷ್ಠೆ. ‘ಹೈ-ಎಂಡ್’ ಎಂಬುದಕ್ಕೆ ಯಾವುದೇ ಅಧಿಕೃತ ಮಾನದಂಡವಿಲ್ಲ. ಅಂಗಡಿಗಳಲ್ಲಿ ಅದು ಬಹುಮಟ್ಟಿಗೆ ಬೆಲೆಯನ್ನು ಸೂಚಿಸುವ ಮಾತು.

ಹಿನ್ನೆಲೆ

ಇಂದಿನ ಬಹುತೇಕ ಧ್ವನಿವರ್ಧಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಚಲಿಸುವ ಸುರುಳಿಯ ತತ್ತ್ವವನ್ನು ಅನುಸರಿಸುತ್ತವೆ. ಅಯಸ್ಕಾಂತದ ಕ್ಷೇತ್ರದಲ್ಲಿರುವ ಸುರುಳಿಗೆ ಸಂಗೀತದ ವಿದ್ಯುತ್ ಸಂಕೇತ ಹರಿದಾಗ ಅದು ಹಿಂದೆ ಮುಂದೆ ಚಲಿಸಿ, ತನಗೆ ಅಂಟಿಸಿದ ಶಂಕುವನ್ನು ಅಲುಗಿಸುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಮಂದ್ರ ಸ್ವರ ಸಾಧ್ಯವೆಂದು ತೋರಿಸಿತು. ಹವ್ಯಾಸಿಗಳ ಪಾಲಿಗೆ ಇದಕ್ಕಿಂತ ದೊಡ್ಡ ತಿರುವು ಎಂದರೆ ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ, ಮುಂದೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ವಿಸ್ತರಿಸಿದ ಗಣಿತ. ಅದಕ್ಕೆ ಮೊದಲು ಪೆಟ್ಟಿಗೆಯ ಗಾತ್ರವನ್ನು ಬಹುತೇಕ ಊಹೆ ಮತ್ತು ಪ್ರಯೋಗದಿಂದಲೇ ನಿರ್ಧರಿಸಬೇಕಿತ್ತು. ಆ ಬಳಿಕ ಕಾಗದದ ಮೇಲೆ ಲೆಕ್ಕ ಹಾಕಿ ನಿರ್ಧರಿಸುವುದು ಸಾಧ್ಯವಾಯಿತು.

ಕರ್ನಾಟಕದಲ್ಲಿ ಮನೆಯಲ್ಲೇ ಧ್ವನಿತಂತ್ರಜ್ಞಾನದಲ್ಲಿ ತೊಡಗಿದವರಲ್ಲಿ ಪ್ರಸಿದ್ಧರೆಂದರೆ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಅವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಖಾಸಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಉತ್ತಮ ಶ್ರವಣದ ಹವ್ಯಾಸಕ್ಕೆ ಮೈಸೂರು ಅರಮನೆಯೂ ನೆಲೆಯಾಗಿತ್ತು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ನೆರವು ನೀಡಿದ ಜಯಚಾಮರಾಜ ಒಡೆಯರ್ ಅವರ ಅರಮನೆಯಲ್ಲಿ ಕಂಡ ಮುದ್ರಿಕೆಗಳ ಸಂಗ್ರಹವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಬ್ರಿಟಿಷ್ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ತಮ್ಮ ನೆನಪುಗಳಲ್ಲಿ ಉಲ್ಲೇಖಿಸಿದ್ದಾರೆ.

ಡ್ರೈವರ್‌ಗಳು

ಮನುಷ್ಯನಿಗೆ ಕೇಳಿಸುವ 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯ ತರಂಗಾಂತರ 17 ಮೀಟರಿನಿಂದ 17 ಮಿಲಿಮೀಟರಿನವರೆಗೆ ವ್ಯಾಪಿಸಿದೆ. ಇಷ್ಟು ವಿಸ್ತಾರವನ್ನು ಒಂದೇ ಶಂಕು ಸಮರ್ಪಕವಾಗಿ ನಿಭಾಯಿಸಲಾರದು. ಆದ್ದರಿಂದ ಮೊದಲ ಜೋಡಿ ತಯಾರಿಸುವವರು ಸಾಮಾನ್ಯವಾಗಿ 6ರಿಂದ 7 ಅಂಗುಲದ ವೂಫರ್ ಮತ್ತು 1 ಅಂಗುಲದ ಟ್ವೀಟರ್ ಇರುವ ದ್ವಿಮಾರ್ಗ ವಿನ್ಯಾಸವನ್ನು ಆರಿಸಿಕೊಳ್ಳುತ್ತಾರೆ. ನಾರ್ವೆಯ ಸಿಯಾಸ್, ಡೆನ್ಮಾರ್ಕಿನ ಸ್ಕ್ಯಾನ್-ಸ್ಪೀಕ್ ಮುಂತಾದ ಕಂಪನಿಗಳ ಡ್ರೈವರ್‌ಗಳು ಹವ್ಯಾಸಿಗಳ ನಡುವೆ ಹೆಸರುವಾಸಿ. ಕೆಪ್ಯಾಸಿಟರ್, ತಂತಿ, ಕನೆಕ್ಟರ್ ಮೊದಲಾದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹಳೆಯ ಮಾರುಕಟ್ಟೆ.

ಡ್ರೈವರ್ ಕೊಳ್ಳುವಾಗ ಬೆಲೆಗಿಂತ ಅದರ ದತ್ತಾಂಶ ಪತ್ರದ ಮೂರು ಸಂಖ್ಯೆಗಳನ್ನು ನೋಡುವುದು ಹೆಚ್ಚು ಉಪಯುಕ್ತ: ತೆರೆದ ಗಾಳಿಯಲ್ಲಿ ಅದರ ಅನುರಣನ ಆವರ್ತನ (ಎಫ್‌ಎಸ್), ಆ ಅನುರಣನ ಎಷ್ಟು ಬೇಗ ಅಡಗುತ್ತದೆಂಬುದರ ಅಳತೆ (ಕ್ಯೂಟಿಎಸ್), ಹಾಗೂ ಶಂಕುವಿನ ತೂಗುಪಟ್ಟಿಗೆ ಸಮನಾದ ಸ್ಥಿತಿಸ್ಥಾಪಕತೆ ಇರುವ ಗಾಳಿಯ ಗಾತ್ರ (ವಿಎಎಸ್). ಕ್ಯೂಟಿಎಸ್ 0.4 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ರಂಧ್ರವಿರುವ ಪೆಟ್ಟಿಗೆ, ಹೆಚ್ಚಿದ್ದರೆ ಮುಚ್ಚಿದ ಪೆಟ್ಟಿಗೆ ಹೊಂದುತ್ತದೆ ಎಂಬುದು ಸ್ಥೂಲ ನಿಯಮ.

ಮಲೆನಾಡಿನಲ್ಲಿ ಇನ್ನೊಂದು ಆಯ್ಕೆಯೂ ಮುಖ್ಯ. ಶಂಕುವಿನ ಅಂಚಿನ ಪಟ್ಟಿ ಫೋಮಿನದಾಗಿದ್ದರೆ ತೇವಕ್ಕೆ ಕ್ರಮೇಣ ಪುಡಿಯಾಗುತ್ತದೆ. ರಬ್ಬರಿನ ಪಟ್ಟಿ ಬಹಳ ಹೆಚ್ಚು ಬಾಳುತ್ತದೆ. ಲೇಪನವಿಲ್ಲದ ಕಾಗದದ ಶಂಕು ತೇವ ಹೀರಿ ಭಾರವಾಗುತ್ತದೆ. ಪಾಲಿಪ್ರೊಪಿಲೀನ್ ಅಥವಾ ಲೇಪಿತ ಕಾಗದಕ್ಕೆ ಈ ತೊಂದರೆ ಕಡಿಮೆ.

ಪೆಟ್ಟಿಗೆ

ಶಂಕುವಿನ ಹಿಂಬದಿಯಿಂದ ಹೊರಡುವ ಧ್ವನಿ ಮುಂಬದಿಯ ಧ್ವನಿಗೆ ವಿರುದ್ಧ ಹಂತದಲ್ಲಿರುತ್ತದೆ. ಎರಡೂ ಬೆರೆತರೆ ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಅದನ್ನು ತಡೆಯುವುದೇ ಪೆಟ್ಟಿಗೆಯ ಮೊದಲ ಕೆಲಸ. ಮುಚ್ಚಿದ ಪೆಟ್ಟಿಗೆಯಲ್ಲಿ ಅನುರಣನದ ಕೆಳಗೆ ಧ್ವನಿಯ ಮಟ್ಟ ಸಪ್ತಕಕ್ಕೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ರಂಧ್ರವಿರುವ ಪೆಟ್ಟಿಗೆ ಇನ್ನೂ ಕೆಳಗಿನ ಸ್ವರಗಳನ್ನು ಮುಟ್ಟುತ್ತದೆ, ಆದರೆ ಅದರ ಕೆಳಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ.

ಉದಾಹರಣೆಗೆ, ಒಳಭಾಗದಲ್ಲಿ 20 ಸೆಂ.ಮೀ. ಅಗಲ, 25 ಸೆಂ.ಮೀ. ಆಳ, 42 ಸೆಂ.ಮೀ. ಎತ್ತರವಿರುವ ಪೆಟ್ಟಿಗೆಯ ಗಾತ್ರ 21 ಲೀಟರ್. ಡ್ರೈವರ್ ಮತ್ತು ಒಳಗಿನ ಆಧಾರಪಟ್ಟಿಗಳು ಆಕ್ರಮಿಸುವ ಜಾಗ ಕಳೆದರೆ ಸುಮಾರು 20 ಲೀಟರ್ ಉಳಿಯುತ್ತದೆ. ಇದನ್ನು 40 ಹರ್ಟ್ಸ್‌ಗೆ ಶ್ರುತಿಗೊಳಿಸಲು 5 ಸೆಂ.ಮೀ. ಒಳವ್ಯಾಸದ ಪಿವಿಸಿ ಕೊಳವೆಯಾದರೆ ಸುಮಾರು 15 ಸೆಂ.ಮೀ. ಉದ್ದ ಬೇಕು. 7 ಸೆಂ.ಮೀ. ವ್ಯಾಸದ ಕೊಳವೆಯಲ್ಲಿ ಗಾಳಿಯ ಸುಯ್ಯೆಂಬ ಸದ್ದು ಕಡಿಮೆ, ಆದರೆ ಉದ್ದ ಸುಮಾರು 31 ಸೆಂ.ಮೀ. ಆಗುತ್ತದೆ; 25 ಸೆಂ.ಮೀ. ಆಳದಲ್ಲಿ ಅದನ್ನು ಬಾಗಿಸದೆ ಕೂರಿಸಲಾಗದು. ಹೀಗೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡುವುದು ಈ ಕೆಲಸದ ಎಲ್ಲ ಹಂತಗಳಲ್ಲಿಯೂ ಎದುರಾಗುತ್ತದೆ. ಕೊಳವೆಯ ಹೊರಬಾಯಿಗೆ ಬಳಸದಿರುವಾಗ ಬಲೆ ಅಥವಾ ಮುಚ್ಚಳ ಹಾಕುವುದು ಒಳ್ಳೆಯದು; ತೋಟದ ಮನೆಗಳಲ್ಲಿ ಕುಂಬಾರ ಹುಳುವಿಗೆ ಮಣ್ಣಿನ ಗೂಡು ಕಟ್ಟಲು ಇಂತಹ ತೂತುಗಳು ಬಲು ಇಷ್ಟ.

ಗೋಡೆಗಳಿಗೆ 18 ಮಿ.ಮೀ. ಹಲಗೆ ಸಾಮಾನ್ಯ. ಎದುರುಬದುರು ಗೋಡೆಗಳನ್ನು ಒಳಗಿನಿಂದ ಅಡ್ಡಪಟ್ಟಿಯಿಂದ ಬಿಗಿದರೆ ಹಲಗೆಯ ಸ್ವಂತ ಕಂಪನ ಬಹಳ ತಗ್ಗುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಪ್ಲೈವುಡ್ ಹಾಳೆಯಿಂದ ಮೇಲಿನ ಅಳತೆಯ ಎರಡೂ ಪೆಟ್ಟಿಗೆಗಳು ಸಿದ್ಧವಾಗಿ ಇನ್ನೂ ಮಿಗುತ್ತದೆ. ಎರಡನ್ನೂ ಒಂದೇ ಹಾಳೆಯಿಂದ ಕತ್ತರಿಸಿದರೆ ಜೋಡಿಯ ಹೊಂದಾಣಿಕೆಗೆ ಅನುಕೂಲ.

ಮರ ಮತ್ತು ತೇವ

ಕಾಫಿ ತೋಟದಲ್ಲಿ ಮರಕ್ಕೆ ಕೊರತೆಯಿಲ್ಲವಾದ್ದರಿಂದ ಗಟ್ಟಿ ಹಲಗೆಯಲ್ಲೇ ಪೆಟ್ಟಿಗೆ ಮಾಡುವ ಆಸೆ ಸಹಜ. ಹಲಸು ವೀಣೆಯ ಮರ. ಬೀಟೆಯ ಅಂದಕ್ಕೆ ಸಾಟಿಯಿಲ್ಲ, ಆದರೆ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಬೆಳೆಸುವ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. (ಹೆಸರಿನಲ್ಲಿ ಓಕ್ ಇದ್ದರೂ ಇದು ಓಕ್ ಜಾತಿಯದಲ್ಲ, ಆಸ್ಟ್ರೇಲಿಯಾ ಮೂಲದ ಬೇರೆಯೇ ಮರ.) ಆದರೆ ವೀಣೆಗೆ ಒಳ್ಳೆಯದಾದ ಗುಣವೇ ಧ್ವನಿವರ್ಧಕಕ್ಕೆ ದೋಷ. ವೀಣೆಯ ಕೊಡ ತಾನೂ ನುಡಿಯಬೇಕು. ಧ್ವನಿವರ್ಧಕದ ಪೆಟ್ಟಿಗೆ ಮೌನವಾಗಿರಬೇಕು.

ಇನ್ನೊಂದು ತೊಡಕು ತೇವದ್ದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಾಗ ಮರದಲ್ಲಿ ಸುಮಾರು ಶೇ. 9ರಷ್ಟು ತೇವ ನಿಲ್ಲುತ್ತದೆ, ಆರ್ದ್ರತೆ ಶೇ. 90ಕ್ಕೆ ಏರಿ ಬಹುಕಾಲ ಅಲ್ಲಿಯೇ ಉಳಿದರೆ ಅದು ಸುಮಾರು ಶೇ. 20ಕ್ಕೆ ತಲುಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ 25 ಸೆಂ.ಮೀ. ಅಗಲದ ಹಲಗೆ ಕೆಲವು ಮಿಲಿಮೀಟರ್ ಹಿಗ್ಗಿ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಕೀಲು ಬಿಟ್ಟು ಗಾಳಿ ಸೋರಿದರೆ ಮುಚ್ಚಿದ ಪೆಟ್ಟಿಗೆ ಮುಚ್ಚಿದ್ದಾಗಿ ಉಳಿಯುವುದಿಲ್ಲ, ಹಾಕಿದ ಲೆಕ್ಕವೂ ಉಳಿಯುವುದಿಲ್ಲ.

ಬೇರೆಡೆ ಹವ್ಯಾಸಿಗಳ ಮೊದಲ ಆಯ್ಕೆಯಾದ ಎಂಡಿಎಫ್ ಹಲಗೆ ಇಲ್ಲಿ ಅಷ್ಟು ಸುರಕ್ಷಿತವಲ್ಲ. ಕತ್ತರಿಸಿದ ಅಂಚುಗಳು ತೇವ ಹೀರಿ ಉಬ್ಬಿಕೊಳ್ಳುತ್ತವೆ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಬಳಸಿ, ಹೊರಗೆ ಮಾತ್ರ ಬೀಟೆ ಅಥವಾ ತೇಗದ ತೆಳು ಪದರ ಅಂಟಿಸುವುದು ಸೂಕ್ತ ಮಾರ್ಗ. ಪಾಲಿಶನ್ನು ಹೊರಗೆ ಮಾತ್ರವಲ್ಲದೆ ಒಳಗೂ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಹಲಗೆ ಬಾಗುತ್ತದೆ. ಒಳಗೆ ತುಂಬಲು ಹತ್ತಿಗಿಂತ ಪಾಲಿಯೆಸ್ಟರ್ ನಾರು ಮೇಲು, ಏಕೆಂದರೆ ಹತ್ತಿ ತೇವ ಹಿಡಿದು ಬೂಷ್ಟು ಕಟ್ಟುತ್ತದೆ. ತಿರುಪುಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ. ಮರಗೆಲಸವನ್ನು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಮುಗಿಸುವುದು ಕ್ಷೇಮ.

ಕ್ರಾಸ್‌ಓವರ್

ಮಂದ್ರ ಸ್ವರಗಳನ್ನು ವೂಫರ್‌ಗೂ ತಾರ ಸ್ವರಗಳನ್ನು ಟ್ವೀಟರ್‌ಗೂ ಹಂಚುವ ಮಂಡಲವೇ ಕ್ರಾಸ್‌ಓವರ್. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಮತ್ತು ರಸ್ ರೈಲಿ ಅವರಿಂದ ಬಂದ ವಿನ್ಯಾಸ ಇಂದಿಗೂ ಬಹಳ ಬಳಕೆಯಲ್ಲಿದೆ. ಅದರ ಸರಳ ದ್ವಿತೀಯ ದರ್ಜೆಯ ರೂಪದಲ್ಲಿ, 8 ಓಮ್ ಡ್ರೈವರ್‌ಗಳನ್ನು 2,500 ಹರ್ಟ್ಸ್‌ನಲ್ಲಿ ವಿಭಜಿಸಲು ಪ್ರತಿ ಶಾಖೆಗೂ ಸುಮಾರು 4 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ ಮತ್ತು 1 ಮಿಲಿಹೆನ್ರಿಯ ಸುರುಳಿ ಬೇಕಾಗುತ್ತವೆ. ಟ್ವೀಟರ್‌ನ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಬೇಕು.

ಪಠ್ಯಪುಸ್ತಕದ ಈ ಬೆಲೆಗಳು ಆರಂಭದ ಬಿಂದು ಮಾತ್ರ. ನಿಜವಾದ ಡ್ರೈವರ್ ಎಲ್ಲ ಆವರ್ತನಗಳಲ್ಲಿಯೂ 8 ಓಮ್ ಆಗಿರುವುದಿಲ್ಲ, ಅದರ ಧ್ವನಿಮಟ್ಟವೂ ಸಮತಟ್ಟಾಗಿರುವುದಿಲ್ಲ. ಮೇಲಾಗಿ ಮುಂಫಲಕದ ಅಗಲಕ್ಕೆ ಅನುಗುಣವಾದ ಆವರ್ತನವೊಂದರ ಕೆಳಗೆ ಧ್ವನಿ ಮುಂದಕ್ಕಷ್ಟೇ ಹೋಗದೆ ಪೆಟ್ಟಿಗೆಯ ಸುತ್ತ ಹರಡುತ್ತದೆ. ಸುಮಾರು 24 ಸೆಂ.ಮೀ. ಅಗಲದ ಫಲಕಕ್ಕೆ ಈ ಬದಲಾವಣೆ 480 ಹರ್ಟ್ಸ್‌ನ ಆಸುಪಾಸಿನಲ್ಲಿ ಆಗುತ್ತದೆ. ಇದನ್ನು ಸರಿಪಡಿಸದ ಧ್ವನಿವರ್ಧಕದಲ್ಲಿ ಗಾಯಕರ ಕಂಠ ತೆಳುವಾಗಿ, ಮೃದಂಗದ ಎಡಭಾಗ ಸೊರಗಿ ಕೇಳಿಸುತ್ತದೆ. ಮನೆಯಲ್ಲಿ ಮಾಡಿದ ಜೋಡಿಗಳು ನಿರಾಸೆ ಮೂಡಿಸುವುದು ಹೆಚ್ಚಾಗಿ ಇಲ್ಲಿಯೇ, ದುಬಾರಿ ಡ್ರೈವರ್ ಕೊಂಡವರಿಗೂ ಸಹ.

ಅಳತೆ

ಆದ್ದರಿಂದ ಅಳತೆಯ ಮೈಕ್ರೊಫೋನ್ ಅತಿ ಅಗತ್ಯವಾದ ಉಪಕರಣ. ಅದನ್ನು ಕಂಪ್ಯೂಟರಿಗೆ ಜೋಡಿಸಿ ರೂಮ್ ಇಕ್ಯೂ ವಿಜಾರ್ಡ್‌ನಂತಹ ಉಚಿತ ತಂತ್ರಾಂಶದಿಂದ ಆವರ್ತನವಾರು ಧ್ವನಿಮಟ್ಟವನ್ನು ನೋಡಬಹುದು. ಕೋಣೆಯೊಳಗೆ ಗೋಡೆ, ನೆಲಗಳಿಂದ ಮರಳುವ ಧ್ವನಿ ಅಳತೆಯನ್ನು ಕೆಡಿಸುತ್ತದೆ. ಕಂಪನಿಗಳು ಇದಕ್ಕಾಗಿ ಪ್ರತಿಧ್ವನಿರಹಿತ ಕೊಠಡಿಗಳನ್ನು ಕಟ್ಟಿಸುತ್ತವೆ.

ಕಾಫಿ ಸೀಮೆಯ ಹವ್ಯಾಸಿಗೆ ಇಲ್ಲೊಂದು ಅನುಕೂಲವಿದೆ. ಕಾಫಿ ಒಣಗಿಸುವ ಸಿಮೆಂಟಿನ ಕಣ ವಿಶಾಲ, ಸಮತಟ್ಟು ಮತ್ತು ಗಟ್ಟಿ, ಸುತ್ತ ಗೋಡೆಗಳಿಲ್ಲ. ಧ್ವನಿವರ್ಧಕವನ್ನು ಕಣದ ನಡುವೆ ನೆಲದ ಮೇಲಿಟ್ಟು ಮೈಕ್ರೊಫೋನಿನತ್ತ ಓರೆಯಾಗಿಸಿ, ಸುಮಾರು ಎರಡು ಮೀಟರ್ ದೂರದಲ್ಲಿ ಮೈಕ್ರೊಫೋನನ್ನೂ ನೆಲಕ್ಕೆ ತಾಗಿಸಿ ಇಟ್ಟರೆ ನೇರ ಧ್ವನಿಯೂ ನೆಲದಿಂದ ಮರಳುವ ಧ್ವನಿಯೂ ಒಟ್ಟಿಗೇ ತಲುಪುತ್ತವೆ. ಆಗ ಓದು ಒಟ್ಟಾರೆ 6 ಡೆಸಿಬೆಲ್ ಹೆಚ್ಚಾಗುತ್ತದೆ, ಅದನ್ನು ಕಳೆದರಾಯಿತು. ‘ನೆಲಮಟ್ಟದ ಅಳತೆ’ ಎನ್ನಬಹುದಾದ ಈ ವಿಧಾನ ಧ್ವನಿತಂತ್ರಜ್ಞರ ನಡುವೆಯೂ ಮಾನ್ಯ. ಕೊಯ್ಲಿನ ಕಾಲದಲ್ಲಿ ಕಣ ಖಾಲಿ ಇರುವುದಿಲ್ಲ. ಕಾಫಿ ಒಣಗಿ ಚೀಲ ಸೇರಿದ ಮೇಲೆ, ಮುಂಗಾರಿಗೆ ಮೊದಲು, ಗಾಳಿಯಿಲ್ಲದ ಬೆಳಗಿನ ಹೊತ್ತು ತಕ್ಕ ಸಮಯ. ಜೀರುಂಡೆಗಳು ಕೂಗತೊಡಗಿದರೆ ತಾರ ಸ್ವರಗಳ ಅಳತೆಯನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ. ಹೂಮಳೆಯ ಗುಡುಗು ಕೇಳಿಸಿದರೆ ಆಂಪ್ಲಿಫೈಯರ್‌ನ ಪ್ಲಗ್ ಕಿತ್ತು ಉಪಕರಣಗಳನ್ನು ಒಳಗೊಯ್ಯುವುದು ಲೇಸು.

ಎರಡೂ ಪೆಟ್ಟಿಗೆಗಳನ್ನು ಒಂದೇ ಜಾಗದಲ್ಲಿಟ್ಟು ಅಳೆದು ಹೋಲಿಸಬೇಕು. ಗಾಯಕರು ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಕುಳಿತು ಹಾಡುತ್ತಿರುವಂತೆ ಅನ್ನಿಸುವುದು ಎಡ ಬಲಗಳ ಸಾಮ್ಯದಿಂದಲೇ. ವ್ಯತ್ಯಾಸ 1 ಡೆಸಿಬೆಲ್‌ನೊಳಗಿದ್ದರೆ ಮನೆಗೆಲಸಕ್ಕೆ ಉತ್ತಮ ಫಲಿತಾಂಶ. ವೂಫರ್‌ಗಳ ಧ್ರುವತೆ ತಪ್ಪಿದೆಯೇ ಎಂದು ತಿಳಿಯಲು, ಪೆಟ್ಟಿಗೆಗೆ ಕೂರಿಸುವ ಮೊದಲು 1.5 ವೋಲ್ಟಿನ ಸಾಮಾನ್ಯ ಸೆಲ್ ಸಾಕು: ಧನ ತುದಿಯನ್ನು ವೂಫರ್‌ನ ಧನ ತುದಿಗೆ ಕ್ಷಣಕಾಲ ಮುಟ್ಟಿಸಿದಾಗ ಶಂಕು ಮುಂದಕ್ಕೆ ಸರಿಯಬೇಕು. ನಾಜೂಕಾದ ಟ್ವೀಟರ್‌ಗೆ ಈ ಪರೀಕ್ಷೆ ಮಾಡಬಾರದು.

ಆಲಿಸುವ ಕೋಣೆ

ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಮೊದಲ ಸ್ಥಾಯಿ ತರಂಗ 43 ಹರ್ಟ್ಸ್‌ನಲ್ಲಿ ಏಳುತ್ತದೆ; ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಮಂದ್ರ ಸ್ವರ ಗುಂಯ್‌ಗುಡುವುದು ಇದರಿಂದಲೇ. ಮಲೆನಾಡಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ತಾರ ಸ್ವರಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ, ಆದ್ದರಿಂದ ಕೇಳುಗರ ಮುಂದೆ ಜಮಖಾನೆಯೊಂದನ್ನು ಹಾಸುವುದು ಉಪಯುಕ್ತ. ಮುಚ್ಚಿಗೆಯಿಲ್ಲದ ಹಂಚಿನ ಮಾಡಿನ ಮೂಲಕ ಮಂದ್ರ ಸ್ವರಗಳು ಹೊರಗೆ ಸೋರುವುದರಿಂದ ಅಲ್ಲಿ ಈ ಗುಂಯ್‌ಗುಡುವಿಕೆ ಕಾಂಕ್ರೀಟ್ ಮನೆಗಿಂತ ಕಡಿಮೆ. ಅದೇ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ತಂಬೂರಿಯ ನಾದದಂತಹ ಸೂಕ್ಷ್ಮಗಳು ಯಾವ ಧ್ವನಿವರ್ಧಕದಲ್ಲಿಯೂ ಕೇಳಿಸವು. ಮಳೆಗಾಲದಲ್ಲಿ ಪೆಟ್ಟಿಗೆಗಳನ್ನು ಹೊರಗೋಡೆಯಿಂದ ದೂರವಿಟ್ಟು, ವಾರಕ್ಕೆ ಕೆಲವು ಗಂಟೆಯಾದರೂ ನುಡಿಸುತ್ತಿದ್ದರೆ ಬೂಷ್ಟು ಹಿಡಿದಿರುವುದು ಬೇಗ ಕಣ್ಣಿಗೆ ಬೀಳುತ್ತದೆ.